ಬೆಳ್ಳಿ ಒಡವೆಗೆಂದು ಅತ್ ಯೆನ್ನಿಗೆ ಹೊರಟಿದ್ದೀರಾ? ಶುಕ್ರವಾರ ಮಾತ್ರ ಬೇಡ

ಅಲ್ಜೀರಿಯಾದ ಕಬೀಲಿಯಾ ಬೆಟ್ಟಸೀಮೆಯಲ್ಲಿರುವ ಅತ್ ಯೆನ್ನಿ, ಹವಳ ಕೂರಿಸಿ ನೀಲಿ, ಹಸಿರು, ಹಳದಿ ಮೀನಾ (ಬಣ್ಣದ ಗಾಜಿನ ಲೇಪ) ತುಂಬಿದ ಬೆಳ್ಳಿ ಒಡವೆಗೆ ಹೆಸರುವಾಸಿ. ನಕ್ಷೆಯಲ್ಲಿ ಬೆನಿ ಯೆನ್ನಿ ಎಂದಿರುತ್ತದೆ. ರಾಜಧಾನಿ ಅಲ್ಜಿಯರ್ಸ್‌ನಿಂದ ತಿಜಿ ಉಜೂ ಸುಮಾರು 100 ಕಿ.ಮೀ., ಅಲ್ಲಿಂದ ಬೆಟ್ಟ ಹತ್ತಿದರೆ ಇನ್ನೊಂದು 35. ಬೆಳಿಗ್ಗೆ ಹೋಗಿ ಸಂಜೆ ಬರಬಹುದಲ್ಲ ಅನ್ನಿಸುತ್ತದೆ. ದಿನ ಹಾಳಾಗುವುದು ಈ ಲೆಕ್ಕದಿಂದಲೇ.

ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ನಮ್ಮವರು ‘ಶುಕ್ರವಾರ ಕೆಲಸದ ದಿನ, ಜನ ಕಮ್ಮಿ’ ಅಂದುಕೊಂಡು ಅವತ್ತೇ ಹೊರಡುತ್ತಾರೆ. ತಿಜಿ ಉಜೂವಿನಿಂದ ಮೇಲಕ್ಕೆ ಹೋಗುವ ಬಾಡಿಗೆ ವ್ಯಾನುಗಳಿಗೆ ವೇಳಾಪಟ್ಟಿ ಇಲ್ಲ. ಸೀಟು ತುಂಬಿದ ಮೇಲೆಯೇ ಗಾಡಿ ಬಿಡುವುದು. ಶುಕ್ರವಾರ ಅವು ತುಂಬುವುದೂ ಇಲ್ಲ, ಹೊರಡುವುದೂ ಇಲ್ಲ. ಹೇಗೋ ಮೇಲೆ ಮುಟ್ಟುವ ಹೊತ್ತಿಗೆ ನಡುಹಗಲ ನಮಾಜು, ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಅವು ತೆರೆಯಲಿ ಎಂದು ಕಾದರೆ ವಾಪಸು ವ್ಯಾನು ತಪ್ಪುತ್ತದೆ. ಮಾಮೂಲಿ ದಿನಗಳಲ್ಲೂ ಸಂಜೆಯಾಗುತ್ತಿದ್ದಂತೆ ಕೆಳಗಿಳಿಯುವ ಗಾಡಿಗಳು ವಿರಳ. ಆಮೇಲೆ ಉಳಿಯುವುದು ಇಡೀ ಕಾರಿನ ಬಾಡಿಗೆ, ಅದೂ ಚಾಲಕ ಹೇಳಿದ್ದೇ ದರ. ಭಾನುವಾರದಿಂದ ಬುಧವಾರದೊಳಗೆ ಹೋಗಿ. ಹಿಂದಿನ ರಾತ್ರಿ ತಿಜಿ ಉಜೂವಿನಲ್ಲೇ ತಂಗಿ, ಬೆಳಿಗ್ಗೆ ಬೇಗ ಹತ್ತಿ. ಮೇಲೆ ಮುಟ್ಟಿ ವ್ಯಾನಿನಿಂದ ಇಳಿಯುವಾಗಲೇ ವಾಪಸಿನ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಚಾಲಕನನ್ನು ಕೇಳಿಟ್ಟುಕೊಳ್ಳಿ. ಅಲ್ಲಿ ಫ್ರೆಂಚ್ ನಡೆಯುತ್ತದೆ. ಅಲ್ಲಿಯವರ ಕಬೀಲಿ ನುಡಿಯಲ್ಲಿ ‘ಅಜುಲ್’ ಎಂದು ನಮಸ್ಕರಿಸಿದರೆ ಇನ್ನೂ ಚೆನ್ನ. ರಂಜಾನ್ ತಿಂಗಳಲ್ಲಂತೂ ಹಗಲು ಹೊತ್ತು ಊಟ ಸಿಗುತ್ತದೆಂದು ನಂಬಬೇಡಿ.

ಇಳಿಯುವ ಜಾಗವೂ ಗೊತ್ತಿರಬೇಕು. ಅತ್ ಯೆನ್ನಿ ಒಂದೇ ಊರಲ್ಲ, ಬೆಟ್ಟದ ಏಣಿನ ಮೇಲೆ ಸಾಲಾಗಿ ಕೂತ ಏಳು ಹಳ್ಳಿ. ಅಕ್ಕಸಾಲಿಗರಿಗೆ ಹಿಂದಿನಿಂದ ಹೆಸರಾದದ್ದು ಐತ್ ಲಾರ್ಬಾ. ಸಾಲು ಅಂಗಡಿಗಳ ಪೇಟೆ ಹುಡುಕಿದರೆ ಸಿಗುವುದಿಲ್ಲ. ಎಷ್ಟೋ ಕಡೆ ಮನೆಯ ಒಂದು ಕೋಣೆಯೇ ಕೆಲಸದ ಜಾಗ. ಕೇಳಿಕೊಂಡೇ ಹೋಗಬೇಕು.

ಇನ್ನು ದುಡ್ಡು. ನಮ್ಮ ಕಾರ್ಡು, ಯುಪಿಐ ಯಾವುದನ್ನೂ ಅಲ್ಲಿ ನೆಚ್ಚಬೇಡಿ. ರೂಪಾಯಿಯನ್ನು ಯಾರೂ ಬದಲಿಸಿ ಕೊಡುವುದಿಲ್ಲ. ಯೂರೋ ಒಯ್ದು, ಬೆಟ್ಟ ಹತ್ತುವ ಮೊದಲೇ ದಿನಾರ್ ಮಾಡಿಸಿಕೊಳ್ಳಿ. ಬೀದಿಯಲ್ಲಿ ಬ್ಯಾಂಕಿಗಿಂತ ತುಂಬ ಹೆಚ್ಚು ಕೊಡುತ್ತಾರೆ, ನಿಜ. ಆದರೆ ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಬಿಡಿಸುವವರಿಲ್ಲ.

ದೊಡ್ಡ ಏಟು ಬೀಳುವುದು ಬೆಲೆ ಕೇಳುವಾಗ. ಚೀಟಿಯಲ್ಲಿ ದಿನಾರ್ ಬರೆದಿದ್ದರೂ ಬಾಯಲ್ಲಿ ಜನ ಇಂದಿಗೂ ಸೆಂಟೀಮಿನಲ್ಲೇ ಎಣಿಸುತ್ತಾರೆ. 1964ರಲ್ಲಿ ದಿನಾರ್ ಬಂದರೂ ಹಳೆಯ ಫ್ರಾಂಕಿನ ಎಣಿಕೆ ನಾಲಿಗೆಯಿಂದ ಹೋಗಿಲ್ಲ. 100 ಸೆಂಟೀಮಿಗೆ ಒಂದು ದಿನಾರ್. ಹಾಗಾಗಿ ‘ಐದು ಸಾವಿರ’ ಅಂದರೆ 50 ದಿನಾರ್, ‘ಒಂದು ಮಿಲಿಯನ್’ ಅಂದರೆ 10,000 ದಿನಾರ್. ಹೇಳಿದ ಅಂಕಿಯಲ್ಲಿ ಎರಡು ಸೊನ್ನೆ ಹೊಡೆದುಹಾಕಿದರೆ ದಿನಾರ್ ಸಿಗುತ್ತದೆ. ಇದು ತಿಳಿಯದೆ ನೀರಿನ ಬಾಟಲಿಗೆ ಐದು ಸಾವಿರ ದಿನಾರ್ ಎಣಿಸಿಟ್ಟರೆ ನೂರು ಪಟ್ಟು ಕೊಟ್ಟಂತೆ. ಪ್ರಾಮಾಣಿಕನಾದವನು ನಕ್ಕು ಹಿಂದಿರುಗಿಸುತ್ತಾನೆ, ಎಲ್ಲರೂ ಹಾಗಿರುವುದಿಲ್ಲ. ಇನ್ನು ಕೆಲವರು ವಿದೇಶಿಯರೆಂದು ದಿನಾರಿನಲ್ಲೇ ಹೇಳಿಬಿಡುತ್ತಾರೆ, ಗೊಂದಲ ಇನ್ನೂ ಹೆಚ್ಚು. ಕಾಗದದ ಮೇಲೆ ಬರೆಸಿಕೊಳ್ಳಿ.

ಈಗ ಒಡವೆಯ ವಿಷಯ. ತುರ್ಕರ ಆಳ್ವಿಕೆಯ ಕಾಲದಲ್ಲಿ ಇದೇ ಐತ್ ಲಾರ್ಬಾ ಖೋಟಾ ನಾಣ್ಯಕ್ಕೂ ಕುಖ್ಯಾತವಾಗಿತ್ತು ಎಂಬುದು ನೆನಪಿರಲಿ! ಇಂದಿನ ಅಕ್ಕಸಾಲಿಗರ ಮೇಲಿನ ದೂರಲ್ಲ ಇದು; ಕಳಪೆ ಮಾಲು ಹೆಚ್ಚಾಗಿ ಬರುವುದು ಹೊರಗಿನಿಂದ, ರಸ್ತೆ ಬದಿಯಲ್ಲಿ ಹರಡಿಟ್ಟು ಮಾರುವವರ ಹತ್ತಿರ. ಗಂಡು ಮಗುವನ್ನು ಹೆತ್ತ ತಾಯಿ ಹಣೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ತಬ್ಜಿಂತ್ ಎಂಬ ದುಂಡು ಬಿಲ್ಲೆಯನ್ನೇ ನೋಡಿ. ಕೈಗೆಲಸದ್ದಾದರೆ ಮೊದಲು ತಗಡಿನ ಮೇಲೆ ಸಣ್ಣ ಬೆಳ್ಳಿ ತಂತಿಯನ್ನು ಬೆಸೆದು ಮನೆ ಮನೆ ಮಾಡಿ, ಆ ಮನೆಗಳಲ್ಲಿ ಮೀನಾ ಪುಡಿ ತುಂಬಿ ಬೆಂಕಿಯಲ್ಲಿ ಕರಗಿಸಿರುತ್ತಾರೆ. ತಂತಿಯ ಅಂಚು ಚೂಪಾಗಿ, ಒಂದೊಂದು ಮನೆ ಒಂದೊಂದು ಅಳತೆಯಲ್ಲಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಗೆರೆ ಮೊಂಡು, ಎಲ್ಲ ಮನೆಯೂ ಒಂದೇ ಅಚ್ಚು. ಮಗುಚಿ ನೋಡಲು ಮರೆಯಬೇಡಿ. ಹಳೆಯ ಉತ್ತಮ ಬಿಲ್ಲೆಗಳಲ್ಲಿ ಹಿಂಬದಿಗೂ ಮೀನಾ ಇರುತ್ತದೆ. ಸುಟ್ಟ ಮೀನಾ ಗಾಜೇ ಆದ್ದರಿಂದ ಮುಟ್ಟಿದರೆ ತಣ್ಣಗೆ, ಸೂಜಿಮೊನೆಗೂ ಜಗ್ಗುವುದಿಲ್ಲ. ಬಣ್ಣದ ರಾಳ ಸುರಿದದ್ದಾದರೆ ಅದೇ ಸೂಜಿ ಗೀರು ಬಿಡುತ್ತದೆ. ಗೀರುವ ಮೊದಲು ಮಾಲೀಕನನ್ನು ಕೇಳಿ.

ಹವಳದ ಜಾಗದಲ್ಲಿ ಪ್ಲಾಸ್ಟಿಕ್ ಕೂರಿಸುವುದು ಹಳೇ ಚಾಳಿ. ಅಸಲಿಗೆ ತೂಕವಿದೆ, ತಂಪಿದೆ, ಭೂತಗನ್ನಡಿಯಲ್ಲಿ ನವಿರಾದ ಗೆರೆಗಳು ಕಾಣುತ್ತವೆ, ಒಂದರಂತೆ ಇನ್ನೊಂದು ಕೆಂಪಿರುವುದಿಲ್ಲ. ಇಪ್ಪತ್ತು ಹರಳೂ ಒಂದೇ ಕೆಂಪು, ಒಂದೇ ಗಾತ್ರವಿದ್ದರೆ ಬಿಟ್ಟುಬಿಡಿ. ಬೆಳ್ಳಿಯ ತೂಕ, ಹವಳ, ಮಜೂರಿ ಇವನ್ನು ಬೇರೆ ಬೇರೆಯಾಗಿ ಹೇಳಿಸಿ, ರಸೀದಿ ತೆಗೆದುಕೊಳ್ಳಿ.

ಫೋಟೊ ವಿಷಯದಲ್ಲಿ ಕೈ ಬಿಗಿಯಿರಲಿ. ದಾರಿಯಲ್ಲಿ ತಕ್ಸೆಬ್ತ್ ಅಣೆಕಟ್ಟಿನ ನೀರು ಕಣ್ಣಿಗೆ ಹಬ್ಬವೇ. ಆದರೆ ಅಣೆಕಟ್ಟು, ಚೆಕ್‌ಪೋಸ್ಟ್, ಸಮವಸ್ತ್ರದವರು ಚಿತ್ರದಲ್ಲಿ ಬಂದರೆ ವಿಚಾರಣೆಯಲ್ಲೇ ಅರ್ಧ ದಿನ ಕಳೆಯುತ್ತದೆ. ಹಳ್ಳಿಯ ನೀರಿನ ಊಟೆ ಹೆಂಗಸರ ಜಾಗ. ಗಂಡಸರು ಅತ್ತ ಸುಳಿಯದಿರುವುದೇ ಮರ್ಯಾದೆ. ಡ್ರೋನ್ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ಕಬೀಲಿಯಾ ಪ್ರತ್ಯೇಕತೆಯ ಮಾತಿಗೆ ನಾಲಿಗೆ ಕೊಡಬೇಡಿ: ಆ ಬೇಡಿಕೆಯ ‘ಮಾಕ್’ ಸಂಘಟನೆಯನ್ನು ಸರ್ಕಾರ 2021ರಲ್ಲಿ ಭಯೋತ್ಪಾದಕ ಪಟ್ಟಿಗೆ ಸೇರಿಸಿದೆ. ಸ್ಥಳೀಯ ಫುಟ್‌ಬಾಲ್ ಕ್ಲಬ್ ಬಗ್ಗೆ ಬರೆಯಲು ಬಂದು 2024ರಲ್ಲಿ ತಿಜಿ ಉಜೂವಿನಲ್ಲಿ ಬಂಧಿತನಾದ ಫ್ರೆಂಚ್ ಪತ್ರಕರ್ತನಿಗೆ ಮರುವರ್ಷ 7 ವರ್ಷದ ಸಜೆಯಾಯಿತು. ಭಾರತೀಯರಿಗೆ ವೀಸಾ ಮೊದಲೇ ಬೇಕು, ಅದರಲ್ಲಿ ಏನು ಕೆಲಸ ಬರೆದಿದೆಯೋ ಅಷ್ಟೇ ಮಾಡಿ.

ಆಗಸ್ಟ್ ತಪ್ಪಿಸಿ. 2021ರ ಆಗಸ್ಟ್‌ನ ಕಾಡ್ಗಿಚ್ಚಿನಲ್ಲಿ ಸತ್ತವರು ಕನಿಷ್ಠ 90, ಹೆಚ್ಚಿನವರು ಈ ತಿಜಿ ಉಜೂ ಸೀಮೆಯಲ್ಲೇ. ಏಣಿನ ಮೇಲಿನ ಹಳ್ಳಿಗೆ ರಸ್ತೆ ಕಡಿಮೆ, ಬೆಂಕಿ ಹಾದಿ ಕಟ್ಟಿದರೆ ಇಳಿಯುವಂತಿಲ್ಲ. ಒಡವೆ ಜಾತ್ರೆ ಬೇಸಿಗೆಯಲ್ಲೇ ಬರುವುದು ಒಂದು ತೊಡಕು. ಹೋಗುವುದಾದರೆ ಬಿಸಿಗಾಳಿ ಎದ್ದ ದಿನ ಬಿಡಿ. ಚಳಿಗಾಲದಲ್ಲಿ ಮೇಲಿನ ಜುರ್ಜುರಾ ಕಣಿವೆದಾರಿಗಳು ಹಿಮದಿಂದ ಮುಚ್ಚುತ್ತವೆ, ಹಾಗಾಗಿ ಅತ್ತಲಿಂದ ಬೆಟ್ಟ ದಾಟಿ ಬರುವ ಯೋಜನೆ ಬೇಡ. ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯದು.

ಮನೆಗೆ ತಂದ ಮೇಲೆ ಬೆಳ್ಳಿ ಕಪ್ಪಾಯಿತೆಂದು ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಬೇಡಿ. ಹವಳ ಎಂದರೆ ಸುಣ್ಣ. ಹುಳಿ ತಾಗಿದರೆ ಹೊಳಪು ಹೋಗಿ ಮೈ ಒರಟಾಗುತ್ತದೆ, ಮತ್ತೆ ಬರುವುದಿಲ್ಲ. ಒಣ ಮೆತ್ತನೆಯ ಬಟ್ಟೆಯಲ್ಲಿ ಬೆಳ್ಳಿಯ ಭಾಗವನ್ನಷ್ಟೇ ಒರೆಸಿ.