ನಿಂತ ಕಾರಿನ ಬ್ಯಾಟರಿ ಇಳಿಯುತ್ತಿದ್ದರೆ: ವಿದ್ಯುತ್ ಸೋರಿಕೆ ಹುಡುಕುವ ಮೂರು ವಿಧಾನಗಳ ಹೋಲಿಕೆ

ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಕಾರಣವನ್ನು ಹುಡುಕಲು ಮುಖ್ಯವಾಗಿ ಮೂರು ದಾರಿಗಳಿವೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಮಲ್ಟಿಮೀಟರ್ ಸೇರಿಸಿ, ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ಹಳೆಯ ದಾರಿ. ಏನನ್ನೂ ಬಿಚ್ಚದೆ ಕೇಬಲ್ಲಿನ ಸುತ್ತ ಡಿ.ಸಿ. ಕ್ಲಾಂಪ್ ಮೀಟರ್ (ದವಡೆಯಂತೆ ತೆರೆದು ತಂತಿಯನ್ನು ಸುತ್ತುವರಿಯುವ ಮೀಟರ್) ಹಾಕಿ ಅಳೆಯುವುದು ಎರಡನೆಯದು. ಫ್ಯೂಸುಗಳನ್ನು ಅವುಗಳ ಜಾಗದಲ್ಲಿಯೇ ಬಿಟ್ಟು, ಪ್ರತಿಯೊಂದರ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಎಷ್ಟು ಮಿಲಿವೋಲ್ಟ್ ಇದೆ ಎಂದು ನೋಡುವುದು ಮೂರನೆಯದು. ಈ ಮೂರನ್ನೂ ಒಂದೇ ಕಾರಿನ ಒಂದೇ ದೋಷದ ಮೇಲೆ ಪ್ರಯೋಗಿಸಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮೂರೂ ವಿಧಾನಗಳು ವಿದ್ಯುತ್ತನ್ನು ಅಳೆಯುತ್ತವೆ ಎಂಬುದು ನಿಜವಾದರೂ, ಅಳೆಯುವ ಕೆಲಸದಿಂದಲೇ ಕಾರಿನ ಸ್ಥಿತಿ ಬದಲಾಗಿ ದೋಷವೇ ಮರೆಯಾಗುವ ಸಾಧ್ಯತೆ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿದೆ. ನನ್ನ ಆಯ್ಕೆಯನ್ನು ನಿರ್ಧರಿಸಿದ ಅಂಶ ಇದೇ.

ಯಾವ ವಿಧಾನಕ್ಕೂ ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಆರೋಗ್ಯವಾಗಿರುವ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ, 12 ಎಂದರೆ ಕಾಲು ಭಾಗವಷ್ಟೇ ಉಳಿದಿದೆ. ಚಾರ್ಜ್ ಮಾಡಿದ ಬ್ಯಾಟರಿಯನ್ನು ಕೇಬಲ್ ಬಿಚ್ಚಿ ಬೇರೆಯಾಗಿಟ್ಟು, ಎರಡು ಮೂರು ದಿನಗಳ ನಂತರವೂ ವೋಲ್ಟೇಜ್ ಅಲ್ಲಿಯೇ ನಿಂತಿದ್ದರೆ ದೋಷ ಕಾರಿನಲ್ಲಿದೆ; ಬೇರೆಯಾಗಿಟ್ಟಾಗಲೂ ಇಳಿದರೆ ದೋಷ ಬ್ಯಾಟರಿಯಲ್ಲಿಯೇ ಇದೆ, ಆಗ ಸೋರಿಕೆ ಹುಡುಕುವುದು ವ್ಯರ್ಥ ಶ್ರಮ. ಒಂದು ಮಾತು ಮಾತ್ರ ನೆನಪಿರಲಿ: ಕೇಬಲ್ ಬಿಚ್ಚಿದ ಕೂಡಲೇ ಕಾರಿನ ಎಲೆಕ್ಟ್ರಾನಿಕ್ ಘಟಕಗಳೆಲ್ಲ ಹೊಸದಾಗಿ ಆರಂಭಗೊಳ್ಳುತ್ತವೆ. ಆದ್ದರಿಂದ ಈ ಪರೀಕ್ಷೆ ಮುಗಿದ ಮೇಲೆ ಕಾರನ್ನು ಒಂದು ಸುತ್ತು ಮಾಮೂಲಿನಂತೆ ಓಡಿಸಿ, ಮಾಮೂಲಿನಂತೆ ನಿಲ್ಲಿಸಿ, ಅನಂತರವೇ ಮುಂದಿನ ಅಳತೆಗೆ ಕೈ ಹಾಕಬೇಕು.

ನಿಂತ ಕಾರು ಸ್ವಲ್ಪ ವಿದ್ಯುತ್ತನ್ನು ಬಳಸಿಯೇ ಬಳಸುತ್ತದೆ. ಗಡಿಯಾರ, ಅಲಾರಂ, ರಿಮೋಟ್ ಕೀಯ ಸಂಕೇತಕ್ಕೆ ಕಾದಿರುವ ರಿಸೀವರ್, ಕಂಪ್ಯೂಟರಿನ ನೆನಪು ಇವೆಲ್ಲಕ್ಕೂ ಸೇರಿ 50 ಮಿಲಿಆಂಪಿಯರ್‌ವರೆಗಿನ ಬಳಕೆಯನ್ನು ಸಾಮಾನ್ಯವೆಂದು ಪರಿಗಣಿಸುತ್ತಾರೆ. ಆ ಲೆಕ್ಕದಲ್ಲಿ ದಿನಕ್ಕೆ 1.2 ಆಂಪಿಯರ್ ಅವರ್ ಖರ್ಚಾಗುತ್ತದೆ; 45 ಆಂಪಿಯರ್ ಅವರ್ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡೂವರೆ ವಾರಕ್ಕಿಂತ ಹೆಚ್ಚು ಹಿಡಿಯುತ್ತದೆ. ಅದೇ ಬಳಕೆ 300 ಮಿಲಿಆಂಪಿಯರ್ ಆದರೆ ಮೂರು ದಿನಗಳ ಆಸುಪಾಸಿನಲ್ಲಿಯೇ ಅರ್ಧ ಖಾಲಿಯಾಗುತ್ತದೆ. ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟಿನ ಒಂದು ಬಲ್ಬ್ ಸಾಕು, ಅದೊಂದೇ ಸುಮಾರು 400 ಮಿಲಿಆಂಪಿಯರ್ ಎಳೆಯುತ್ತದೆ.

ಮೂರು ವಿಧಾನಗಳಿಗೂ ಸಿದ್ಧತೆ ಒಂದೇ, ಮತ್ತು ಹೆಚ್ಚಿನವರು ಆತುರ ಮಾಡುವುದು ಇಲ್ಲಿಯೇ. ಕೀ ತೆಗೆದ ತಕ್ಷಣ ಕಾರು ಮಲಗುವುದಿಲ್ಲ. ಒಳಗಿನ ಘಟಕಗಳು ಒಂದಾದ ಮೇಲೊಂದರಂತೆ ನಿದ್ರಾಸ್ಥಿತಿಗೆ ಹೋಗಲು ಕೆಲವು ಕಾರುಗಳಲ್ಲಿ ಹತ್ತು ನಿಮಿಷ, ಕೆಲವದರಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಕಾಗುತ್ತದೆ. ಅಷ್ಟರೊಳಗೆ ಅಳೆದ ಅಂಕಿ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಅರ್ಥವಿಲ್ಲ. ಬಾಗಿಲು ತೆರೆದರೆ ಕಾರು ಮತ್ತೆ ಎಚ್ಚರಗೊಳ್ಳುವುದರಿಂದ, ಒಳಗಿನ ಫ್ಯೂಸ್ ಬಾಕ್ಸ್ ಕೈಗೆಟುಕುವಂತೆ ಬಾಗಿಲನ್ನು ಮೊದಲೇ ತೆರೆದಿಟ್ಟು, ಬಾಗಿಲಿನ ಅಂಚಿನಲ್ಲಿರುವ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಕ್ಲಿಕ್ ಎನ್ನಿಸಬೇಕು. ಬಾಗಿಲು ತೆರೆದಿದ್ದರೂ ಅದು ಮುಚ್ಚಿದೆ ಎಂದು ಕಾರು ತಿಳಿಯುತ್ತದೆ, ಒಳಗಿನ ದೀಪವೂ ಆರುತ್ತದೆ. ಬಾನೆಟ್ಟಿಗೆ ಸ್ವಿಚ್ ಇದ್ದರೆ ಅದನ್ನೂ ಹೀಗೆಯೇ ನಂಬಿಸಬೇಕು. ಕೆಲಸ ಮುಗಿದ ಮೇಲೆ ಬಾಗಿಲು ಹಾಕುವ ಮುನ್ನ ಹಿಡಿಕೆ ಎಳೆದು ಕೊಂಡಿಯನ್ನು ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಲಾಕ್ ಪೆಟ್ಟು ತಿನ್ನುತ್ತದೆ. ಕೀಲೆಸ್ ಕಾರಾದರೆ ಕೀಯನ್ನು ದೂರದಲ್ಲಿಡಬೇಕು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಈ ಕೆಲಸವೆಲ್ಲ 12 ವೋಲ್ಟಿನ ಬ್ಯಾಟರಿಯ ಕಡೆ ಮಾತ್ರ. ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬಾರದು.

ನಾನು ಮೊದಲು ಹಿಡಿದದ್ದು ಕ್ಲಾಂಪ್ ಮೀಟರನ್ನು. ಇದರ ದೊಡ್ಡ ಅನುಕೂಲವೆಂದರೆ ಕಾರಿನ ಯಾವ ಭಾಗವನ್ನೂ ಅಲುಗಿಸಬೇಕಾಗಿಲ್ಲ: ನೆಗೆಟಿವ್ ಟರ್ಮಿನಲ್ಲಿಗೆ ಬಂದು ಸೇರುವ ಎಲ್ಲ ತಂತಿಗಳೂ ದವಡೆಯೊಳಗೆ ಬರುವಂತೆ ಹಾಕಿದರೆ ಆಯಿತು, ಮೀಟರ್ ಹಾಕಿದ್ದು ಕಾರಿಗೆ ಗೊತ್ತೇ ಆಗುವುದಿಲ್ಲ. ಕಾರು ಮಲಗುವ ಕ್ರಮವನ್ನು ಇದರಲ್ಲಿ ಕಣ್ಣಾರೆ ನೋಡಬಹುದು. ಲಾಕ್ ಮಾಡಿದಾಗ ಕೆಲವು ಆಂಪಿಯರ್‌ಗಳಿದ್ದ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದು, ನನ್ನ ಕಾರಿನಲ್ಲಿ 290 ಮಿಲಿಆಂಪಿಯರ್ ಹತ್ತಿರ ನಿಂತಿತು, ಅಲ್ಲಿಂದ ಕೆಳಗಿಳಿಯಲಿಲ್ಲ. ಸೋರಿಕೆ ಇದೆ ಎಂಬುದು ಖಚಿತವಾಯಿತು.

ಕ್ಲಾಂಪ್ ಮೀಟರಿನ ಕೊರತೆಗಳೂ ಅಷ್ಟೇ ನಿಜ. ಮನೆಯ ವೈರಿಂಗ್ ನೋಡಲು ಬಳಸುವ ಎ.ಸಿ. ಮಾತ್ರದ ಕ್ಲಾಂಪ್ ಇಲ್ಲಿ ಏನನ್ನೂ ತೋರಿಸದು, ಡಿ.ಸಿ. ಅಳೆಯುವ, ಕನಿಷ್ಠ 10 ಮಿಲಿಆಂಪಿಯರ್‌ವರೆಗೆ ಓದುವ ಮೀಟರೇ ಬೇಕು. ಇಂತಹ ಮೀಟರುಗಳು ಭೂಮಿಯ ಕಾಂತಕ್ಷೇತ್ರಕ್ಕೂ ಸ್ಪಂದಿಸುವುದರಿಂದ, ಕೈಯಲ್ಲಿ ಹಿಡಿದ ಕೋನ ಬದಲಾದರೆ ಅಂಕಿ ಹತ್ತಾರು ಮಿಲಿಆಂಪಿಯರ್ ಆಚೀಚೆ ಓಡುತ್ತದೆ. ಕೇಬಲ್ಲಿನ ಪಕ್ಕದಲ್ಲಿ, ಅದೇ ಕೋನದಲ್ಲಿ ಹಿಡಿದು ಸೊನ್ನೆ ಮಾಡಿಕೊಂಡು ಅನಂತರ ಹಾಕುವುದು ಒಳ್ಳೆಯದು. ಒಮ್ಮೆ ಅಳೆದು, ದವಡೆಯನ್ನು ತಿರುಗಿಸಿ ಹಾಕಿ ಮತ್ತೊಮ್ಮೆ ಅಳೆದು, ಎರಡು ಅಂಕಿಗಳ ಚಿಹ್ನೆ ಬಿಟ್ಟು ಸರಾಸರಿ ತೆಗೆದುಕೊಂಡರೆ ಈ ದೋಷದ ಬಹುಪಾಲು ಕಳೆದುಹೋಗುತ್ತದೆ. ಸೋರಿಕೆ 60 ಮಿಲಿಆಂಪಿಯರ್ ಇದೆಯೋ 30 ಇದೆಯೋ ಎಂಬ ತೀರ್ಮಾನಕ್ಕೆ ನಾನು ಇದನ್ನು ನೆಚ್ಚುವುದಿಲ್ಲ. ಸೋರಿಕೆ ಯಾವ ಫ್ಯೂಸಿನ ದಾರಿಯಲ್ಲಿದೆ ಎಂಬುದನ್ನೂ ಇದು ಹೇಳಲಾರದು, ಏಕೆಂದರೆ ಫ್ಯೂಸ್ ಬಾಕ್ಸಿನ ಹಿಂದಿನ ಸಣ್ಣ ತಂತಿಗಳ ನಡುವೆ ದವಡೆ ತೂರುವುದೇ ಇಲ್ಲ.

ಮಿಲಿವೋಲ್ಟ್ ವಿಧಾನ ನಿಂತಿರುವುದು ಸರಳ ಸಂಗತಿಯೊಂದರ ಮೇಲೆ. ಫ್ಯೂಸಿನೊಳಗಿನ ತೆಳು ಲೋಹದ ಪಟ್ಟಿಗೂ ಅತಿ ಸಣ್ಣ ರೋಧವಿದೆ. ಅದರ ಮೂಲಕ ವಿದ್ಯುತ್ ಹರಿದರೆ ಎರಡು ತುದಿಗಳ ನಡುವೆ ಅತಿ ಸಣ್ಣ ವೋಲ್ಟೇಜ್ ಏಳುತ್ತದೆ. ಹರಿಯದಿದ್ದರೆ ಅದು ಸೊನ್ನೆ. ಹೀಗಾಗಿ 0.1 ಮಿಲಿವೋಲ್ಟ್‌ವರೆಗೆ ಓದಬಲ್ಲ ಸಾಧಾರಣ ಮಲ್ಟಿಮೀಟರ್ ಮತ್ತು ಚೂಪು ತುದಿಯ ಪ್ರೋಬುಗಳಿದ್ದರೆ, ಒಂದೂ ಫ್ಯೂಸ್ ಕೀಳದೆ ಇಡೀ ಬಾಕ್ಸನ್ನು ಕೆಲವೇ ನಿಮಿಷಗಳಲ್ಲಿ ಸುತ್ತಿ ಬರಬಹುದು. 10 ಆಂಪಿಯರ್ ಬ್ಲೇಡ್ ಫ್ಯೂಸಿನಲ್ಲಿ 0.1 ಮಿಲಿವೋಲ್ಟ್ ಎಂದರೆ ಹೆಚ್ಚುಕಡಿಮೆ 13 ಮಿಲಿಆಂಪಿಯರ್. 15 ಆಂಪಿಯರ್ ಫ್ಯೂಸಿನಲ್ಲಿ ಸುಮಾರು 20. 30 ಆಂಪಿಯರ್ ಫ್ಯೂಸಿನಲ್ಲಿ ಸುಮಾರು 50. ಫ್ಯೂಸಿನ ಗಾತ್ರಕ್ಕೆ ತಕ್ಕಂತೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಆದರೆ ನಮಗೆ ಬೇಕಿರುವುದು ಕರಾರುವಾಕ್ಕು ಲೆಕ್ಕವಲ್ಲ, ಸೊನ್ನೆಗಳ ಸಾಲಿನಲ್ಲಿ ಎದ್ದು ಕಾಣುವ ಒಂದು ಅಂಕಿ.

ನನ್ನ ಕಾರಿನ ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ನಡೆದದ್ದೂ ಹಾಗೆಯೇ. ಬಾಕ್ಸಿನ ಮುಂದೆ ಕುಳಿತು ಪ್ರೋಬುಗಳನ್ನು ಒಂದೊಂದೇ ಫ್ಯೂಸಿನ ಚುಕ್ಕೆಗಳಿಗೆ ಒತ್ತುತ್ತ ಹೋದಾಗ 0.0, 0.0, ಅಲ್ಲೊಂದು 0.1 ಎಂದು ಬರುತ್ತಿದ್ದ ಅಂಕಿ, 15 ಆಂಪಿಯರಿನ ನೀಲಿ ಫ್ಯೂಸಿನ ಮೇಲೆ 1.3ಕ್ಕೆ ಹಾರಿತು. ಅಂದರೆ ಸರಿಸುಮಾರು 260 ಮಿಲಿಆಂಪಿಯರ್. ಕ್ಲಾಂಪ್ ತೋರಿಸಿದ 290ರ ಬಹುಪಾಲು ಈ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಮುಚ್ಚಳದ ಒಳಬದಿಯ ನಕ್ಷೆಯ ಪ್ರಕಾರ ಅದು ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸ್. ಪರದೆ ಕಪ್ಪಾಗಿತ್ತು, ಒಂದು ದೀಪವೂ ಉರಿಯುತ್ತಿರಲಿಲ್ಲ. ಆದರೆ ಆ ಘಟಕದ ಬದಿಗೆ ಕೈ ಇಟ್ಟರೆ ಗಂಟೆಗಟ್ಟಲೆ ನಿಂತಿದ್ದ ಕಾರಿನಲ್ಲಿ ಅದೊಂದು ಜಾಗ ಮಾತ್ರ ಬೆಚ್ಚಗಿತ್ತು. ಸುಮಾರು 3 ವ್ಯಾಟ್ ಶಾಖ ಎಲ್ಲಾದರೂ ಹೊರಬೀಳಲೇಬೇಕಲ್ಲವೇ.

ಈ ವಿಧಾನಕ್ಕೂ ಮಿತಿಗಳಿವೆ. 60, 80 ಆಂಪಿಯರಿನ ದೊಡ್ಡ ಫ್ಯೂಸುಗಳ ರೋಧ ಎಷ್ಟು ಕಡಿಮೆಯೆಂದರೆ, ಅವುಗಳಲ್ಲಿ ಮೀಟರಿನ ಕೊನೆಯ ಅಂಕಿ ಅಲುಗಲು 100 ಮಿಲಿಆಂಪಿಯರ್ ಅಥವಾ ಹೆಚ್ಚು ಹರಿಯಬೇಕು. ಪ್ರೋಬ್ ಸರಿಯಾಗಿ ತಾಗದಿದ್ದರೆ ಅಂಕಿ ತೇಲಾಡಿ ದಾರಿ ತಪ್ಪಿಸುತ್ತದೆ, ಆದ್ದರಿಂದ ಗಟ್ಟಿಯಾಗಿ ಒತ್ತಿ ಅಂಕಿ ನಿಲ್ಲುವವರೆಗೆ ಕಾಯಬೇಕು. ಫ್ಯೂಸ್ ಬಾಕ್ಸ್ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ನೋಡಬೇಕು. ಬಾನೆಟ್ಟಿನ ಕೆಳಗೊಂದು, ಡ್ಯಾಶ್‌ಬೋರ್ಡಿನ ಕೆಳಗೊಂದು, ಕೆಲವು ಕಾರುಗಳಲ್ಲಿ ಡಿಕ್ಕಿಯಲ್ಲಿ ಮತ್ತೊಂದು ಇರುತ್ತದೆ.

ದೋಷದ ಜಾಗ ಗೊತ್ತಾದ ಮೇಲೆಯೂ, ಹೋಲಿಕೆಗೆಂದೇ ಹಳೆಯ ವಿಧಾನವನ್ನು ಅದೇ ಕಾರಿನ ಮೇಲೆ ನಡೆಸಿದೆ. ಮೀಟರನ್ನು ಸರ್ಕ್ಯೂಟಿನ ನಡುವೆಯೇ ಸೇರಿಸುವುದರಿಂದ ಅಂಕಿಯ ನಿಖರತೆಯಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. 30 ಮತ್ತು 35 ಮಿಲಿಆಂಪಿಯರ್‌ಗಳ ವ್ಯತ್ಯಾಸವನ್ನೂ ಇದು ತೋರಿಸುತ್ತದೆ. ಆದರೆ ಅಲ್ಲಿಗೆ ತಲುಪುವ ಹಾದಿಯಲ್ಲಿ ಅಪಾಯಗಳಿವೆ. ಕೇಬಲ್ ಬಿಚ್ಚಿದ ಕ್ಷಣದಲ್ಲಿ ವಿದ್ಯುತ್ ತಪ್ಪಿ ಘಟಕಗಳು ಹೊಸದಾಗಿ ಆರಂಭಗೊಳ್ಳಬಾರದೆಂದರೆ, ಮೊದಲೇ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕಾರಿನ ಬಾಡಿಗೂ ನಡುವೆ ಕ್ಲಿಪ್ಪುಗಳಿರುವ ದಪ್ಪ ತಂತಿಯೊಂದನ್ನು ಸೇರಿಸಿಕೊಂಡು, ಆಮೇಲೆ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಕಿಂಡಿಯಲ್ಲಿ ಜೋಡಿಸಿ, ಕಾರು ಮಲಗಿದ ಮೇಲಷ್ಟೇ ಆ ತಂತಿಯನ್ನು ತೆಗೆಯಬೇಕು. ಮೀಟರ್ ಜೋಡಿಸಿರುವಾಗ ಇಗ್ನಿಷನ್ ಹಾಕಿದರೆ ಅಥವಾ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಹೀಗೆ ಜೋಡಿಸಿ ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸನ್ನು ಕಿತ್ತಾಗ ಅಂಕಿ 30 ಮಿಲಿಆಂಪಿಯರ್ ಹತ್ತಿರಕ್ಕೆ ಬಿದ್ದಿತು. ಅದುವರೆಗೆ ಎಲ್ಲವೂ ಪಾಠದಂತೆಯೇ ನಡೆಯಿತು. ಫ್ಯೂಸನ್ನು ಮರಳಿ ಹಾಕಿದಾಗ ಒಮ್ಮೆ ಮೇಲಕ್ಕೆ ಜಿಗಿದ ಅಂಕಿ, ಸ್ವಲ್ಪ ಹೊತ್ತು ಕಾದರೆ ಮತ್ತೆ 30ರ ಬಳಿಗೇ ಬಂದು ನಿಂತಿತು. ಸೋರಿಕೆ ಮಾಯವಾಗಿತ್ತು. ಕಾರನ್ನು ಓಡಿಸಿ ತಂದು ನಿಲ್ಲಿಸಿದ ಮೇಲೆ ಅದು ಮರಳಿ ಬಂದಿತು. ಕಾರಣ ತಿಳಿಯಲು ಹೆಚ್ಚು ಕಷ್ಟವಾಗಲಿಲ್ಲ: ಫೋನ್ ಬ್ಲೂಟೂತಿನಲ್ಲಿ ಜೋಡಿಯಾಗಿರುವಾಗ ಕೀ ತೆಗೆದರೆ ಆ ಘಟಕ ಪರದೆಯನ್ನಷ್ಟೇ ಆರಿಸಿ ಒಳಗೆ ಎಚ್ಚರವಾಗಿಯೇ ಉಳಿಯುತ್ತಿತ್ತು; ಫ್ಯೂಸ್ ಕಿತ್ತು ಹಾಕಿದಾಗ ಹೊಸದಾಗಿ ಆರಂಭಗೊಂಡು, ಕೀ ಇಲ್ಲದಿರುವುದನ್ನು ಕಂಡು ಸರಿಯಾಗಿ ಮಲಗುತ್ತಿತ್ತು. ಆ ದಪ್ಪ ತಂತಿಯನ್ನು ಮೊದಲೇ ಸೇರಿಸದೆ ನೇರವಾಗಿ ಕೇಬಲ್ ಬಿಚ್ಚಿದ್ದರೆ ಮೊದಲ ಅಳತೆಯಲ್ಲಿಯೇ 30 ಮಿಲಿಆಂಪಿಯರ್ ಕಾಣಿಸಿ, ಕಾರಿನಲ್ಲಿ ದೋಷವೇ ಇಲ್ಲ, ಬ್ಯಾಟರಿಯನ್ನೇ ಬದಲಿಸಿ ಎಂಬ ತೀರ್ಮಾನಕ್ಕೆ ಬರಬಹುದಿತ್ತು. ಒಳ್ಳೆಯ ಬ್ಯಾಟರಿಗಳು ಅನ್ಯಾಯವಾಗಿ ಗುಜರಿ ಸೇರುವುದು ಹೀಗೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಈಚಿನ ಕಾರುಗಳಲ್ಲಿ ಸೋರಿಕೆ ಇದೆಯೇ ಎಂಬ ಪ್ರಶ್ನೆಗೆ ಕ್ಲಾಂಪ್, ಎಲ್ಲಿದೆ ಎಂಬ ಪ್ರಶ್ನೆಗೆ ಮಿಲಿವೋಲ್ಟ್, ದುರಸ್ತಿಯ ನಂತರ ಉಳಿದ ಬಳಕೆ ಎಷ್ಟು ಎಂಬುದಕ್ಕೆ ಹಳೆಯ ವಿಧಾನ ಎಂದು ನಾನು ಕೆಲಸವನ್ನು ಹಂಚಿಕೊಳ್ಳುತ್ತೇನೆ. ಒಂದನ್ನೇ ಆರಿಸಬೇಕೆಂದರೆ ಮಿಲಿವೋಲ್ಟ್ ವಿಧಾನವನ್ನೇ ಆರಿಸುತ್ತೇನೆ; ವಿಶೇಷ ಉಪಕರಣ ಬೇಡ, ದೋಷವನ್ನು ಇದ್ದ ಸ್ಥಿತಿಯಲ್ಲಿಯೇ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಘಟಕಗಳು ಬೆರಳೆಣಿಕೆಯಷ್ಟಿರುವ ಹಳೆಯ ಕಾರಿನಲ್ಲಿ ಮಾತ್ರ ಫ್ಯೂಸ್ ಕೀಳುವ ವಿಧಾನ ಇಂದಿಗೂ ಸುಲಭವಾಗಿದೆ, ಏಕೆಂದರೆ ಅಲ್ಲಿ ಎಚ್ಚರಗೊಳ್ಳಲು ಹೆಚ್ಚೇನೂ ಇಲ್ಲ.

ಎಲ್ಲ ಫ್ಯೂಸುಗಳ ಮೇಲೂ ಸೊನ್ನೆ ಬಂದು, ಕ್ಲಾಂಪ್ ಮಾತ್ರ ದೊಡ್ಡ ಅಂಕಿಯನ್ನೇ ತೋರಿಸುತ್ತಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವ, ಅದರೊಳಗಿನ ಡಯೋಡ್ ಕೆಟ್ಟರೆ ವಿದ್ಯುತ್ ಬ್ಯಾಟರಿಯಿಂದ ಹಿಮ್ಮುಖವಾಗಿ ಹರಿಯುತ್ತದೆ, ಮತ್ತು ಆ ದಪ್ಪ ಕೇಬಲ್ ಸಣ್ಣ ಫ್ಯೂಸುಗಳ ಮೂಲಕ ಹಾಯುವುದಿಲ್ಲ. ಇಲ್ಲಿ ಕ್ಲಾಂಪಿಗೆ ಎದುರಾಳಿಯೇ ಇಲ್ಲ; ಆಲ್ಟರ್ನೇಟರಿನ ಕೇಬಲ್ಲಿಗೆ ಹಾಕಿದರೆ ಒಂದೇ ಅಳತೆಯಲ್ಲಿ ಉತ್ತರ ಸಿಗುತ್ತದೆ. ಸೋರಿಕೆ ಆಗಾಗ ಮಾತ್ರ ಕಾಣಿಸಿಕೊಳ್ಳುವುದಾದರೆ, ಉದಾಹರಣೆಗೆ ಯಾವುದೋ ರಿಲೇ (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್) ನಡುರಾತ್ರಿ ಅಂಟಿಕೊಳ್ಳುವುದಾದರೆ, ಮೂರೂ ವಿಧಾನಗಳು ಆ ಕ್ಷಣದಲ್ಲಿ ಕಾರಿನ ಮುಂದೆ ಇರುವವರಿಗಷ್ಟೇ ಉಪಯುಕ್ತ. ಆಗ ಗರಿಷ್ಠ ಅಂಕಿಯನ್ನು ನೆನಪಿಡುವ ಕ್ಲಾಂಪ್ ಮೀಟರನ್ನು ರಾತ್ರಿಯಿಡೀ ಕೇಬಲ್ಲಿಗೆ ಹಾಕಿ ಬಿಡುವುದು, ಅಥವಾ ವೋಲ್ಟೇಜನ್ನು ದಾಖಲಿಸಿ ಫೋನಿಗೆ ಕಳಿಸುವ ಸಣ್ಣ ಬ್ಲೂಟೂತ್ ಮಾನಿಟರನ್ನು ಬ್ಯಾಟರಿಗೆ ಜೋಡಿಸುವುದು ಉಳಿದ ದಾರಿ. ಆ ಮಾನಿಟರಿನ ಗ್ರಾಫಿನಲ್ಲಿ ವೋಲ್ಟೇಜ್ ಹಠಾತ್ತನೆ ಕುಸಿಯತೊಡಗಿದ ವೇಳೆ ಗೊತ್ತಾದರೆ, ಮರುದಿನ ಅದೇ ವೇಳೆಗೆ ಪ್ರೋಬುಗಳೊಂದಿಗೆ ಫ್ಯೂಸ್ ಬಾಕ್ಸಿನ ಮುಂದೆ ಕುಳಿತುಕೊಳ್ಳಬಹುದು.