ಹ್ಯಾಂಬರ್ಗ್ ಡೋಮ್‌ಗೆ ಹೋಗುವವರೇ, ಕಂಡವರ ಕೈಯಿಂದ ಚಿಪ್ ಕೊಳ್ಳಬೇಡಿ

ಪೂರ್ತಿ ಓದುವ ವ್ಯವಧಾನ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಹ್ಯಾಂಬರ್ಗ್‌ನ ಡೋಮ್ ಜಾತ್ರೆಯ ಆಟಗಳಿಗೆ ಚಿಪ್, ಅಂದರೆ ದುಡ್ಡಿನ ಬದಲು ಹಾಕುವ ಪ್ಲಾಸ್ಟಿಕ್ ಬಿಲ್ಲೆ, ಬೇಕಿದ್ದರೆ ಆಯಾ ಆಟದ ಕೌಂಟರ್‌ನಲ್ಲೇ ನಿಂತು ಕೊಳ್ಳಿ. "ಎಲ್ಲ ಕಡೆ ನಡೆಯುತ್ತದೆ" ಎಂದು ಯಾರು ಹೇಳಿದರೂ ನಂಬಬೇಡಿ. ಹೇಳುವವನು ಕನ್ನಡದವನಾದರೆ ಇನ್ನೂ ನಂಬಬೇಡಿ. ಈ ಕೊನೆಯ ವಾಕ್ಯ ಬರೆಯುವಾಗ ನನಗೇ ನಾಚಿಕೆಯಾಯಿತು, ಆದರೂ ಅಳಿಸುವುದಿಲ್ಲ.

ನನಗೆ ಹೋದದ್ದು ಅರವತ್ತು ಯೂರೋ. ಅಷ್ಟಕ್ಕೆ ಯಾಕೆ ಇಷ್ಟು ಉರಿದುಕೊಳ್ಳುತ್ತೀರಿ ಎಂದು ಹೆಂಡತಿ ಕೇಳುತ್ತಾಳೆ. ದುಡ್ಡಿನ ಮಾತಲ್ಲ ಎಂದು ನಾನು ಹೇಳುತ್ತೇನೆ. ಅದೂ ಸುಳ್ಳು. ದುಡ್ಡಿನ ಮಾತೂ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ ಇದೆಲ್ಲ ನಡೆದದ್ದು ಭಾವನ ಎದುರಿಗೆ.

ಜುಲೈ ಕೊನೆಯಲ್ಲಿ ಶಿರಸಿಯಿಂದ ಅಕ್ಕ, ಭಾವ, ಅವರ ಹನ್ನೆರಡು ವರ್ಷದ ಮಗ ಬಂದಿದ್ದರು. ಭಾವನದು ಅಡಿಕೆ ವ್ಯಾಪಾರ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು, ಒಂದು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡದೆ ದರ ಹೇಳುವ ಮನುಷ್ಯ ಅಲ್ಲ. ಅಂಥವರಿಗೆ ಜರ್ಮನಿಯ ಅಚ್ಚುಕಟ್ಟುತನದ ಬಗ್ಗೆ ನಾನು ಎರಡು ವಾರದಿಂದ ಉಪನ್ಯಾಸ ಕೊಡುತ್ತಿದ್ದೆ. ಇಲ್ಲಿ ಮೋಸ ಇಲ್ಲ ಭಾವ, ಎಲ್ಲದಕ್ಕೂ ಒಂದು ಪದ್ಧತಿ ಇದೆ ಭಾವ. ಹೀಗೆ.

ಬೇಸಿಗೆಯ ಡೋಮ್ ಶುರುವಾಗಿತ್ತು. ವರ್ಷಕ್ಕೆ ಮೂರು ಸಲ, ಸಲಕ್ಕೆ ಸುಮಾರು ಒಂದು ತಿಂಗಳು ನಡೆಯುವ ಜಾತ್ರೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಬುಧವಾರ ಕುಟುಂಬ ದಿನವೆಂದು ದರ ಕಡಿಮೆ. ಎರಡು ಮಕ್ಕಳು, ನಾಲ್ಕು ದೊಡ್ಡವರು. ಲೆಕ್ಕ ಹಾಕಿದರೆ ಒಂದು ಸಂಜೆಗೆ ನೂರೈವತ್ತು ಯೂರೋ ಸುಲಭವಾಗಿ ಹೋಗುತ್ತದೆ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಆ ಫೋಟೊ ಬಂತು. ನೀಲಿ ಮೇಜುಬಟ್ಟೆಯ ಮೇಲೆ ಹತ್ತತ್ತರ ನಾಲ್ಕು ಗೋಪುರಗಳಂತೆ ಜೋಡಿಸಿದ ಹಳದಿ ಪ್ಲಾಸ್ಟಿಕ್ ಚಿಪ್‌ಗಳು. "ಡೋಮ್ ಚಿಪ್, 40 ಇದೆ, ಒಂದಕ್ಕೆ 1.50. ಕೌಂಟರ್‌ನಲ್ಲಿ 4. ಮಗ ದೊಡ್ಡವನಾದ, ಈಗ ನಾವು ಹೋಗುವುದಿಲ್ಲ."

ನಾನು ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳಬಾರದು. "ಯಾವ ಆಟಕ್ಕೆ ನಡೆಯುತ್ತದೆ?" ಎಂದು ಕೇಳಿದೆ. "ಎಲ್ಲ ಕಡೆ ನಡೆಯುತ್ತದೆ ಅಣ್ಣ" ಎಂದು ಉತ್ತರ ಬಂತು. ಎಲ್ಲ ಕಡೆ ನಡೆಯುತ್ತದೆ. ಈ ಮೂರು ಪದ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತವೆ.

ನಾನು ನಂಬಿದ್ದಕ್ಕೆ ಕಾರಣವೂ ಇದೆ. ಬೆಂಗಳೂರಿನಲ್ಲಿ ವಂಡರ್‌ಲಾಗೆ ಹೋದರೆ ಬಾಗಿಲಲ್ಲಿ ಒಂದು ಟಿಕೆಟ್, ಒಳಗೆ ಎಲ್ಲ ಆಟವೂ ನಮ್ಮದು. ಮೇ ತಿಂಗಳಲ್ಲಿ ಮಗಳನ್ನು ಸೋಲ್ಟೌನ ಹೈಡೆ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆವು, ಅಲ್ಲಿಯೂ ಹಾಗೆಯೇ. ಇದೂ ಅಂಥದ್ದೇ ಇರಬೇಕು, ಟಿಕೆಟ್ ಬದಲು ಚಿಪ್ ಇಟ್ಟಿದ್ದಾರೆ ಎಂದುಕೊಂಡೆ. ಏಳು ವರ್ಷದಿಂದ ಈ ಊರಿನಲ್ಲಿದ್ದೇನೆ. ಡೋಮ್‌ಗೆ ಹಿಂದೆಯೂ ಹೋಗಿದ್ದೇನೆ, ಸಕ್ಕರೆ ಹಚ್ಚಿದ ಬಾದಾಮಿ ತಿಂದು ಶುಕ್ರವಾರ ರಾತ್ರಿಯ ಸಿಡಿಮದ್ದು ನೋಡಿ ಬಂದಿದ್ದೇನೆ. ಆಟ ಆಡಿರಲಿಲ್ಲ ಅಷ್ಟೇ.

ಚಿಪ್ ಮಾರುವವನನ್ನು ರೈಲು ನಿಲ್ದಾಣದ ಮೆಟ್ಟಿಲ ಹತ್ತಿರ ಭೇಟಿಯಾದೆ. ಒಳ್ಳೆಯ ಮಾತುಗಾರ. ಯಾವ ಊರು, ಯಾವ ಕಂಪನಿ, ಮೆಂತ್ಯ ಸೊಪ್ಪು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹತ್ತು ನಿಮಿಷ ಹರಟಿದೆವು. ಹಣವನ್ನು ಪಾವತಿ ಆ್ಯಪ್‌ನ "ಸ್ನೇಹಿತರಿಗೆ" ಎನ್ನುವ ಆಯ್ಕೆಯಲ್ಲಿ ಕಳುಹಿಸಿ ಅಣ್ಣ, ಸುಮ್ಮನೆ ಶುಲ್ಕ ಯಾಕೆ ಕೊಡಬೇಕು ಎಂದ. ಹಾಗೆ ಕಳುಹಿಸಿದರೆ ಖರೀದಿದಾರನಿಗೆ ರಕ್ಷಣೆ ಇಲ್ಲ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಕಳುಹಿಸಿದೆ. "ಅತ್ತಿಗೆಯನ್ನು ಕೇಳಿದೆ ಎಂದು ಹೇಳಿ" ಎಂದು ಬೀಳ್ಕೊಟ್ಟ. ನನ್ನ ಹೆಂಡತಿಯನ್ನು ಅವನು ಒಮ್ಮೆಯೂ ನೋಡಿಲ್ಲ. ಚೀಲ ಬಿಚ್ಚಿ ಒಂದು ಚಿಪ್ ತೆಗೆದು ತಿರುಗಿಸಿ ನೋಡಬೇಕು ಎಂದು ನನಗೆ ತೋಚಲೇ ಇಲ್ಲ. ಮೆಂತ್ಯ ಸೊಪ್ಪಿನ ಮಾತಾಡುತ್ತಿದ್ದೆ.

ಬುಧವಾರ ಸಂಜೆ ಯು3 ಮೆಟ್ರೊ ಹಿಡಿದು ಸಾಂಕ್ಟ್ ಪೌಲಿಯಲ್ಲಿ ಇಳಿದೆವು. ಡೋಮ್ ಎಂದರೆ ದೊಡ್ಡ ಚರ್ಚು ಎಂದು ಅರ್ಥ ಹೇಳಿದ್ದೇ ತಪ್ಪಾಯಿತು, "ಚರ್ಚು ಎಲ್ಲಿದೆ?" ಎಂದು ಭಾವ ಹುಡುಕತೊಡಗಿದರು. ಹಿಂದೆ ಊರಿನ ಮರಿಯೆನ್ ಡೋಮ್ ಚರ್ಚಿನೊಳಗೆ ವ್ಯಾಪಾರಿಗಳು ಮಳೆಗೆ ಆಶ್ರಯ ಪಡೆಯುತ್ತಿದ್ದರು, ಆ ಚರ್ಚನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಡವಿದರು, ಅಂಗಡಿಯವರು ಊರೆಲ್ಲ ಚದುರಿ ಕೊನೆಗೆ 1893ರಲ್ಲಿ ಈ ಹೈಲಿಗೆನ್‌ಗೈಸ್ಟ್‌ಫೆಲ್ಡ್ ಬಯಲಿಗೆ ಬಂದರು ಎಂದು ವಿವರಿಸಿದೆ. "ಅಂದರೆ ದೇವರಿಲ್ಲದ ಜಾತ್ರೆ" ಎಂದರು ಭಾವ. ಆಗ ನಕ್ಕಿದ್ದೆ.

ಮಕ್ಕಳು ಸೀದಾ ಓಡಿದ್ದು ಡ್ಯಾಶಿಂಗ್ ಕಾರ್‌ಗೆ. ಅಲ್ಲಿ ಬಾಗಿಲಿಲ್ಲ, ತಡೆಯುವವರಿಲ್ಲ. ಚಿಪ್ ಇದ್ದವರು ಖಾಲಿ ಕಾರು ಕಂಡರೆ ಹೋಗಿ ಕುಳಿತುಕೊಳ್ಳುವುದು, ಸ್ಟೀರಿಂಗ್ ಹತ್ತಿರದ ಸೀಳಿನಲ್ಲಿ ಚಿಪ್ ಹಾಕುವುದು, ಸೈರನ್ ಆದಾಗ ಹೊರಡುವುದು. ಕೌಂಟರ್ ಮುಂದೆ ಸಾಲು ನಿಂತವರನ್ನು ದಾಟಿ ನಾವು ಜಂಬದಿಂದ ಒಳಗೆ ಹೋದೆವು. ಮಗಳಿಗೆ ಐದು, ಸೋದರಳಿಯನಿಗೆ ಐದು ಚಿಪ್ ಎಣಿಸಿ ಕೊಟ್ಟೆ. ಭಾವನ ಕಡೆ ತಿರುಗಿ "ನೋಡಿ, ಮುಂಚೆಯೇ ಕೊಂಡಿಟ್ಟುಕೊಂಡರೆ ಹೀಗೆ" ಎಂದೆ. ಹಾಗೆ ಹೇಳಿದ ನಾಲಿಗೆಯನ್ನು ಏನು ಮಾಡಬೇಕು.

ಸೈರನ್ ಕೂಗಿತು. ಸುತ್ತಲಿನ ಕಾರುಗಳೆಲ್ಲ ಹೊರಟವು. ನಮ್ಮ ಎರಡು ಕಾರು ನಿಂತಲ್ಲೇ ನಿಂತಿದ್ದವು. ಮಗಳು ಚಿಪ್ ಹಾಕುತ್ತಾಳೆ, ಅದು ಕೆಳಗಿನ ಬಾಯಿಯಿಂದ ಟಣ್ ಎಂದು ಉದುರುತ್ತದೆ. ಮತ್ತೆ ಹಾಕುತ್ತಾಳೆ, ಮತ್ತೆ ಟಣ್. ಹುಡುಗನದು ಸೀಳಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಅವನು ಅಂಗೈಯಿಂದ ಗುದ್ದುತ್ತಿದ್ದ. ಬೇರೆ ಮಕ್ಕಳಿಗೆ ಇದು ಹಬ್ಬ, ಅಲುಗಾಡದ ಕಾರಿಗೆ ನಾಲ್ಕು ಕಡೆಯಿಂದ ಡಿಕ್ಕಿ. ನಾನು ಅಂಚಿನಲ್ಲಿ ನಿಂತು "ಜೋರಾಗಿ ಒತ್ತು, ಜೋರಾಗಿ ಒತ್ತು" ಎಂದು ಕನ್ನಡದಲ್ಲಿ ಕಿರುಚುತ್ತಿದ್ದೆ. ಆಗ ಕೆಲಸದ ಹುಡುಗ ಒಂದು ಕಾರಿನ ಬೆನ್ನಿನಿಂದ ಇನ್ನೊಂದಕ್ಕೆ ಹಾರುತ್ತ ಬಂದ. ಸಿಕ್ಕಿಕೊಂಡ ಚಿಪ್ಪನ್ನು ಉಗುರಿನಿಂದ ಕಿತ್ತು ತೆಗೆದ, ದೀಪದ ಕಡೆ ಹಿಡಿದು ಓದಿದ, ನಕ್ಕ. ಕೆಟ್ಟ ನಗು ಏನಲ್ಲ. ಆದರೂ ನಕ್ಕ. "ಇದು ನಮ್ಮದಲ್ಲ" ಎಂದು ನನ್ನ ಕೈಗೆ ಇಟ್ಟ.

ಆಗಲೇ ನಾನು ಆ ಚಿಪ್ಪನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಒಂದು ಬದಿಯಲ್ಲಿ ಪುಟ್ಟ ಕಾರಿನ ಚಿತ್ರ, ಅದರ ಸುತ್ತ ಒಂದು ಮನೆತನದ ಹೆಸರು, ಅಕ್ಷರಗಳು ಸವೆದಿದ್ದವು. ಡೋಮ್ ಎಂಬ ಮೂರಕ್ಷರ ಎಲ್ಲಿಯೂ ಇರಲಿಲ್ಲ. ನಲವತ್ತು ಚಿಪ್‌ಗಳಲ್ಲಿ ಒಂದರ ಮೇಲೂ ಇರಲಿಲ್ಲ.

ಕೌಂಟರ್‌ನ ಹೆಂಗಸು ಸಮಾಧಾನದವಳು. ಅವಳು ಹೇಳಿದ್ದಿಷ್ಟು: ಇಲ್ಲಿ ಒಂದೊಂದು ಆಟವೂ ಒಂದೊಂದು ಮನೆತನದ್ದು. ಜಾಗ ಮಾತ್ರ ಊರಿನದು. ಆಟ ಬಿಚ್ಚಿ ಲಾರಿಗೆ ಏರಿಸಿ ಊರೂರು ತಿರುಗುವುದೇ ಅವರ ಬದುಕು. ಚಿಪ್ ಯಾರದ್ದೋ ಅವರಲ್ಲೇ ನಡೆಯುವುದು, ಆ ಹೆಸರಿನವರು ಈ ಸಲ ಈ ಬಯಲಿಗೆ ಬಂದಿಲ್ಲ. ಹಾಗಾದರೆ ಕಚೇರಿಯಲ್ಲಿ ದುಡ್ಡು ವಾಪಸು ಕೊಡುತ್ತಾರೆಯೇ ಎಂದು ಕೇಳಿದೆ. "ಯಾವ ಕಚೇರಿ?" ಎಂದಳು.

ನಾನು ತಿರುಗಿದರೆ ಭಾವ ಹಿಂದೆಯೇ ನಿಂತಿದ್ದಾರೆ. ಜರ್ಮನ್ ಬರದಿದ್ದರೂ ಎಲ್ಲ ಅರ್ಥವಾಗಿತ್ತು. ಚಿಪ್ಪನ್ನು ತೆಗೆದುಕೊಂಡು ಅಡಿಕೆ ನೋಡುವ ಹಾಗೆ ಹಿಂದೆ ಮುಂದೆ ನೋಡಿದರು. "ಅಲ್ಲ ಭಾವ," ಎಂದರು, ನಮ್ಮಲ್ಲಿ ನಾನು ಅವರಿಗೂ ಭಾವನೇ, "ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲಿನವನ ಚೀಟಿ ಹಿಡಿದುಕೊಂಡು ಮರಣಬಾವಿಯವನ ಹತ್ತಿರ ಹೋದರೆ ಒಳಗೆ ಬಿಡುತ್ತಾನೆಯೇ?"

ಇಲ್ಲ. ಬಿಡುವುದಿಲ್ಲ. ಎಂಟು ವರ್ಷದವನಿದ್ದಾಗಲೇ ನನಗೆ ಅದು ಗೊತ್ತಿತ್ತು. ಆ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಅಪ್ಪನ ಕೈ ಹಿಡಿದು ನಿಂತಾಗಲೇ ಗೊತ್ತಿತ್ತು. ಇಲ್ಲಿಯ ತೊಟ್ಟಿಲು ಅರವತ್ತು ಮೀಟರ್ ಎತ್ತರ ಎಂದ ಮಾತ್ರಕ್ಕೆ, ದೀಪ ಹೆಚ್ಚಿದೆ ಎಂದ ಮಾತ್ರಕ್ಕೆ ನಾನು ಇದನ್ನು ಜಾತ್ರೆ ಎಂದು ಎಣಿಸಲೇ ಇಲ್ಲ.

ಮುಂದಿನದನ್ನು ಬೇಗ ಮುಗಿಸುತ್ತೇನೆ. ಜೇಬಿನಲ್ಲಿ ನಗದು ಇರಲಿಲ್ಲ, ಚಿಪ್ ಇದೆಯಲ್ಲ ಎಂದು ತಂದಿರಲಿಲ್ಲ. ಆ ಕೌಂಟರ್‌ನಲ್ಲಿ ಕಾರ್ಡ್ ನಡೆಯುತ್ತಿರಲಿಲ್ಲ. ಬಯಲಿನ ಎಟಿಎಂ ಐದು ಯೂರೋ ಶುಲ್ಕ ಕೇಳಿತು, ಕೊಟ್ಟೆ. ಮಕ್ಕಳು ಹೊಸ ಚಿಪ್‌ನಲ್ಲಿ ಆಡಿದರು. ಸೋದರಳಿಯ ಬ್ರೇಕ್ ಡ್ಯಾನ್ಸ್ ಹತ್ತಿದ. ಹೊಗೆ ಬಿಟ್ಟು, ಮೈಕಿನಲ್ಲಿ "ಇನ್ನೂ ಜೋರಾಗಿ ಬೇಕೇ?" ಎಂದು ಅರಚಿ ತಿರುಗಿಸುತ್ತಾರಲ್ಲ, ಅದು. ಇಳಿದ ಮೇಲೆ ಎರಡು ನಿಮಿಷ ಕಂಬ ಹಿಡಿದು ನಿಂತಿದ್ದು ಮತ್ತೆ ಹತ್ತುತ್ತೇನೆ ಎಂದ. ಆಟಗಳ ಮೇಲೆ ನನ್ನ ದೂರು ಏನೂ ಇಲ್ಲ, ಡೋಮ್ ಮೇಲೂ ಇಲ್ಲ. ಜೈಂಟ್ ವೀಲ್‌ನ ದುಡ್ಡನ್ನು ಭಾವ ಕೊಟ್ಟರು. ನಾನು ಬೇಡ ಎನ್ನುವ ಮೊದಲೇ ಕೊಟ್ಟರು. ಮೇಲೆ ಹೋದಾಗ ಬಂದರು ಕಾಣಿಸಿತು, ಪಕ್ಕದ ಯುದ್ಧಕಾಲದ ಕಾಂಕ್ರೀಟ್ ಬಂಕರ್, ಅದರ ನೆತ್ತಿಯ ಮೇಲೆ ಬೆಳೆಸಿದ ಗಿಡಮರ ಕಾಣಿಸಿತು. ನಾನು ಮೊಬೈಲ್ ನೋಡುತ್ತಿದ್ದೆ.

ಯಾಕೆಂದರೆ ಚಿಪ್ ಮಾರಿದವನಿಗೆ ಸಂದೇಶ ಕಳುಹಿಸಿದ್ದೆ, ಅವನ ಉತ್ತರಗಳು ಬರತೊಡಗಿದ್ದವು.

ಮೊದಲು ಬಂದದ್ದು: "ಅಣ್ಣ, ಪಕ್ಕದಲ್ಲಿ ಇನ್ನೊಂದು ಡ್ಯಾಶಿಂಗ್ ಕಾರ್ ಇರುತ್ತದೆ, ಅಲ್ಲಿ ನೋಡಿ." ಇನ್ನೊಂದು ಇತ್ತು. ಹೋಗಿ ನೋಡಿದೆ. ಅಲ್ಲಿಯೂ ಟಣ್.

"ಎಲ್ಲ ಕಡೆ ನಡೆಯುತ್ತದೆ ಎಂದಿರಲ್ಲ?" ಎಂದು ಬರೆದೆ. ಇದಕ್ಕೆ ಬಂದ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಹೌದಲ್ಲ ಅಣ್ಣ. ಆ ಆಟದವರು ಯಾವ ಯಾವ ಊರಿಗೆ ಹೋಗುತ್ತಾರೋ ಅಲ್ಲೆಲ್ಲ ನಡೆಯುತ್ತದೆ."

ಡೋಮ್ ಚಿಪ್ ಎಂದು ಬರೆದಿದ್ದಿರಿ ಎಂದೆ. "ಡೋಮ್‌ನಲ್ಲೇ ಕೊಂಡದ್ದು, ಆ ವರ್ಷ ಅವರು ಬಂದಿದ್ದರು." ದುಡ್ಡು ವಾಪಸು ಕೊಡಿ ಎಂದೆ. ಇಲ್ಲಿಂದ ನಾನು ಅಣ್ಣ ಹೋಗಿ ಸರ್ ಆದೆ. "ಸರ್, ಚಿಪ್ ಅಸಲಿ. ನಕಲಿ ಎಂದು ತೋರಿಸಿ, ಕೊಡುತ್ತೇನೆ. ಖಾಸಗಿ ಮಾರಾಟಕ್ಕೆ ವಾಪಸಾತಿ ಇಲ್ಲ, ಜರ್ಮನಿಯಲ್ಲಿ ಇರುವವರಿಗೆ ಇದು ಗೊತ್ತಿರಬೇಕು." ಅರ್ಧ ಗಂಟೆ ಬಿಟ್ಟು ಇನ್ನೊಂದು: "ಅಕ್ಟೋಬರ್‌ನಲ್ಲಿ ಬ್ರೆಮೆನ್‌ನ ಫ್ರೈಮಾರ್ಕ್ಟ್ ಜಾತ್ರೆ ಇದೆ, ಸ್ಟೇಷನ್ ಹಿಂದೆಯೇ. ಅವರು ಅಲ್ಲಿಗೆ ಬಂದರೂ ಬರಬಹುದು. ಮಕ್ಕಳಿಗೆ ಊರು ನೋಡಿದ ಹಾಗೂ ಆಗುತ್ತದೆ." ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ನಾನು ಬ್ರೆಮೆನ್ ರೈಲಿನ ದರ ನೋಡಿದೆ.

ಮರುದಿನ ನೋಡಿದರೆ "ಎಲ್ಲ ಕಡೆ ನಡೆಯುತ್ತದೆ ಅಣ್ಣ" ಎಂಬ ಮೊದಲ ಸಂದೇಶವನ್ನು ಅಳಿಸಿದ್ದ. ನಾನು ಚಿತ್ರ ತೆಗೆದಿಟ್ಟುಕೊಂಡಿರಲಿಲ್ಲ. ಗುಂಪು ನೋಡಿಕೊಳ್ಳುವ ಹಿರಿಯರಿಗೆ ಹೇಳಿದೆ. "ಗಣೇಶ ಹಬ್ಬ ಹತ್ತಿರ ಬರುತ್ತಿದೆ, ಗುಂಪಿನಲ್ಲಿ ಗಲಾಟೆ ಬೇಡ, ಇಬ್ಬರೂ ಕುಳಿತು ಮಾತಾಡಿಕೊಳ್ಳಿ" ಎಂದರು. ಹಬ್ಬದ ಚಂದಾ ಕೇಳುವ ಸಂದೇಶ ಮಾತ್ರ ಅದೇ ಸಂಜೆ ನನಗೆ ಬಂತು.

ಆ "ವಾಪಸಾತಿ ಇಲ್ಲ" ಎಂಬ ಸಾಲಿಗೆ ಹೆದರಬೇಡಿ ಎಂದು ಕಚೇರಿಯ ಜರ್ಮನ್ ಗೆಳೆಯ ಹೇಳಿದ. ದೋಷ ಗೊತ್ತಿದ್ದೂ ಮುಚ್ಚಿಟ್ಟು ಮಾರಿದವನು ಆ ಸಾಲಿನ ಹಿಂದೆ ಅಡಗುವಂತಿಲ್ಲವಂತೆ, ಇಲ್ಲಿನ ನಾಗರಿಕ ಸಂಹಿತೆಯ 444ನೇ ಕಲಮು ಹಾಗೆಯೇ ಹೇಳುತ್ತದೆ. ಸರಿ. ಆದರೆ ಗೊತ್ತಿತ್ತು ಎಂದು ತೋರಿಸಬೇಕಾದವನು ನಾನು, ತೋರಿಸಬೇಕಾದ ಸಂದೇಶ ಅಳಿಸಿ ಹೋಗಿದೆ. ಅರವತ್ತು ಯೂರೋಗೆ ವಕೀಲರ ಹತ್ತಿರ ಯಾರು ಹೋಗುತ್ತಾರೆ? ಅವನ ಧೈರ್ಯವೂ ಅದೇ.

ಡೋಮ್ ಒಂದೇ ಅಲ್ಲ, ಬ್ರೆಮೆನ್ ಆಗಲಿ, ಡ್ಯೂಸೆಲ್‌ಡಾರ್ಫ್‌ನ ರೈನ್ ದಂಡೆಯ ಜಾತ್ರೆಯಾಗಲಿ, ಹೆರ್ನೆಯ ಕ್ರಾಂಗೆ ಜಾತ್ರೆಯಾಗಲಿ, ನಗದು ಇಟ್ಟುಕೊಂಡು ಹೋಗಿ. ಒಂದೇ ಸಲ ಹತ್ತು ಚಿಪ್ ಕೊಂಡರೆ ಅಗ್ಗ ಎಂದು ಕೌಂಟರ್‌ನಲ್ಲೇ ಬರೆದಿರುತ್ತದೆ, ಅದಕ್ಕೂ ಮರುಳಾಗಬೇಡಿ. ಉಳಿದದ್ದು ನಿಮ್ಮ ಕಪಾಟಿಗೆ ಹೋಗುತ್ತದೆ, ಕಪಾಟಿನಿಂದ ಇಂಥವನ ನೀಲಿ ಮೇಜುಬಟ್ಟೆಗೆ. ಕೊಂಡರೂ ಹೆಸರು ಓದಿ, ಹಣವನ್ನು "ಸ್ನೇಹಿತರಿಗೆ" ಎಂದು ಕಳುಹಿಸಬೇಡಿ. ಸ್ನೇಹಿತನಂತೆ!

ಇಷ್ಟೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನೆ ಇನ್ನೊಂದು ಗುಂಪಿನಲ್ಲಿ ಅದೇ ನೀಲಿ ಮೇಜುಬಟ್ಟೆ ಕಂಡೆ. ಈ ಸಲ ಚಿಪ್ ಕೆಂಪು, 25 ಇದೆ, ಒಂದಕ್ಕೆ 1.25. ಕೆಳಗೆ ಒಬ್ಬ ತಾಯಿ "ಯಾವ ಆಟಕ್ಕೆ?" ಎಂದು ಕೇಳಿದ್ದರು. ಉತ್ತರ ಏನಿತ್ತು ಎಂದು ನಾನು ಹೇಳಬೇಕಾಗಿಲ್ಲ.

ಸೋದರಳಿಯ ಒಂದು ಹಳದಿ ಚಿಪ್ಪನ್ನು ಗೆಳೆಯರಿಗೆ ತೋರಿಸಲು ಶಿರಸಿಗೆ ಒಯ್ದ. ಉಳಿದ ಮೂವತ್ತೊಂಬತ್ತು ನನ್ನ ಹತ್ತಿರ ಬಿಸ್ಕತ್ ಡಬ್ಬಿಯಲ್ಲಿವೆ. ಒಂದು ಬದಿಯಲ್ಲಿ ಪುಟ್ಟ ಕಾರು, ಸುತ್ತ ಸವೆದ ಹೆಸರು. ಆ ಆಟದವರು ಯಾವ ಊರಿನ ಬಯಲಿನಲ್ಲಿ ಲಾರಿ ನಿಲ್ಲಿಸಿದ್ದಾರೆ ಎಂದು ಯಾರಿಗಾದರೂ ಕಂಡರೆ ತಿಳಿಸಿ. ಮಾರುವುದಿಲ್ಲ, ಬಂದು ಸುಮ್ಮನೆ ತೆಗೆದುಕೊಂಡು ಹೋಗಿ.