ಫೋರ್‌ಮನ್ ಗ್ರಿಲ್: ಹೆಸರು ಬಾಕ್ಸರನದು, ಕೆಲಸ ಇಳಿಜಾರಿನದು

ಎಲುಬು ತೆಗೆದ ಕೋಳಿಯ ಎದೆಮಾಂಸ, ಕೈಮಾ ಪ್ಯಾಟಿ, ಮೀನಿನ ತುಂಡು, ಬಿಲ್ಲೆಯಾಗಿ ಹೆಚ್ಚಿದ ಬದನೆಕಾಯಿ. ಪದಾರ್ಥ ಒಂದೂವರೆ ಸೆಂಟಿಮೀಟರಿನ ಆಸುಪಾಸು ದಪ್ಪವಿದ್ದು ಎರಡೂ ಬದಿ ಸಪಾಟಾಗಿದ್ದರೆ ಜಾರ್ಜ್ ಫೋರ್‌ಮನ್ ಗ್ರಿಲ್ ಎಂಬ ವಿದ್ಯುತ್ ಯಂತ್ರ ಅದನ್ನು ಐದಾರು ನಿಮಿಷದಲ್ಲಿ ಬೇಯಿಸಿ ಕೊಡುತ್ತದೆ. ಮಗುಚುವ ಕೆಲಸವಿಲ್ಲ, ಹೊಗೆ ಕಡಿಮೆ, ಎಣ್ಣೆ ಬಹುತೇಕ ಬೇಡ. ಈ ಅಳತೆಯಿಂದ ಆಚೆ ಹೋದರೆ ಯಂತ್ರ ತಡವರಿಸುತ್ತದೆ. ದಪ್ಪ ಸ್ಟೇಕ್‌ಗೆ ಕೆಂಡದ ಘಮ ಬೇಕೆನ್ನುವವರು ಇದರ ತಂಟೆಗೇ ಹೋಗಬಾರದು. ಇಷ್ಟು ಸಾಧಾರಣ ಉಪಕರಣ ಹತ್ತು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತೆಂದರೆ ಅದರಲ್ಲಿ ಒಂದು ಪಾಲು ಇಳಿಜಾರಿನದು, ಇನ್ನೊಂದು ಪಾಲು ಮುಚ್ಚಳದ ಮೇಲಿನ ಹೆಸರಿನದು.

ಮೊದಲು ಇಳಿಜಾರು. ಇದು ಫೋರ್‌ಮನ್ ಕಂಡುಹಿಡಿದದ್ದಲ್ಲ. ಮೈಕೆಲ್ ಬೋಮ್ ಎಂಬ ಅಮೆರಿಕದ ವಿನ್ಯಾಸಕಾರರದು ಈ ಯೋಚನೆ; ಸಾಲ್ಟನ್ ಕಂಪನಿ 1994ರಲ್ಲಿ ಅದನ್ನು ಫೋರ್‌ಮನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೇಲೊಂದು, ಕೆಳಗೊಂದು ಪ್ಲೇಟು, ಎರಡೂ ಒಟ್ಟಿಗೇ ಕಾಯುತ್ತವೆ. ಕೆಳಗಿನದು ಮುಂದಕ್ಕೆ ವಾಲಿಕೊಂಡಿರುವುದರಿಂದ ಕರಗಿದ ಜಿಡ್ಡು ಏಣುಗಳ ನಡುವಿನ ಕಾಲುವೆಗಳಲ್ಲಿ ಹರಿದು ಮುಂದಿಟ್ಟ ಪ್ಲಾಸ್ಟಿಕ್ ತಟ್ಟೆಗೆ ಬೀಳುತ್ತದೆ. ಜನ ಗಮನಿಸದ ಜಾಣತನ ಮುಚ್ಚಳದ ಕೀಲಿನಲ್ಲಿದೆ. ಅದು ಒಂದೇ ಜಾಗಕ್ಕೆ ಬಿಗಿದ ಕೀಲಲ್ಲ, ಪದಾರ್ಥದ ದಪ್ಪಕ್ಕೆ ತಕ್ಕಂತೆ ಮೇಲೇಳುತ್ತದೆ. ಹಾಗಾಗಿ ಮೇಲಿನ ಪ್ಲೇಟು ಕೆಳಗಿನದಕ್ಕೆ ಸಮಾನಾಂತರವಾಗಿ ಕೂರುತ್ತದೆ. ಬಾಗಿಲಿನ ಕೀಲಿನಂತೆ ಬಿಗಿದಿದ್ದರೆ ಹಿಂಬದಿಯ ತುಂಡು ಜಜ್ಜಿಹೋಗಿ, ಮುಂಬದಿಯದಕ್ಕೆ ಬಿಸಿಯೇ ತಾಗುತ್ತಿರಲಿಲ್ಲ. ಸಣ್ಣ ಮೂಲ ಮಾದರಿಯಲ್ಲಿ ಸ್ವಿಚ್ಚೂ ಇಲ್ಲ, ಉಷ್ಣತೆ ತಿರುಗಿಸುವ ಗುಂಡಿಯೂ ಇಲ್ಲ. ಪ್ಲಗ್ ಹಾಕಿದರೆ ಶುರು, ಕಿತ್ತರೆ ಮುಗಿಯಿತು. ಅಗ್ಗವಾಗಿಸಲು ಹೀಗೆ ಮಾಡಿದ್ದಾರೆ, ಸರಿ. ಆದರೆ ಮರೆತು ಹೋಗುವವರ ಮನೆಗೆ ಇದು ತಕ್ಕ ವಿನ್ಯಾಸವಲ್ಲ.

ಇನ್ನು ಹೆಸರು. ಇದೇ ಹೆಸರನ್ನು 1974ರಲ್ಲಿ ಅಡುಗೆ ಯಂತ್ರಕ್ಕೆ ಅಂಟಿಸಿದ್ದರೆ ಕೊಳ್ಳಲು ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದು ವೃತ್ತಿ ಬಾಕ್ಸಿಂಗ್‌ಗೆ ಬಂದ ಫೋರ್‌ಮನ್ ಆಗ ಸದಾ ಮುಖ ಗಂಟಿಕ್ಕಿಕೊಂಡ, ಮಾತು ಕಡಿಮೆಯ ಮನುಷ್ಯ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಅಲ್ಲಿವರೆಗೆ ವೃತ್ತಿಯಲ್ಲಿ ಸೋಲೇ ಕಾಣದಿದ್ದ ಜೋ ಫ್ರೇಜಿಯರ್ ಅವರನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಕೆಡವಿ ವಿಶ್ವ ಪಟ್ಟ ಕಿತ್ತುಕೊಂಡರು. ಮರುವರ್ಷ ಅಕ್ಟೋಬರ್ 30ರಂದು ಆಗಿನ ಜೈರ್ (ಈಗಿನ ಕಾಂಗೊ) ದೇಶದ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ಎದುರು ಇಳಿದಾಗ ಅವರ ಲೆಕ್ಕ 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಅಲಿ ಹಗ್ಗಕ್ಕೆ ಒರಗಿ ಹೊಡೆತಗಳನ್ನು ತೋಳಿನ ಮೇಲೆ ತೆಗೆದುಕೊಂಡು, ಫೋರ್‌ಮನ್ ತಮ್ಮ ಬಲವನ್ನೆಲ್ಲ ತಾವೇ ಖಾಲಿ ಮಾಡಿಕೊಳ್ಳಲು ಬಿಟ್ಟರು. ಎಂಟನೇ ಸುತ್ತಿನಲ್ಲಿ ಕಥೆ ಮುಗಿಯಿತು. ವೃತ್ತಿಜೀವನದ ಐದು ಸೋಲುಗಳಲ್ಲಿ ಫೋರ್‌ಮನ್ ನಾಕೌಟ್ ಆದದ್ದು ಅದೊಂದೇ ಸಲ.

ಗ್ರಿಲ್ ಮಾರಿದವರು ಆ ಫೋರ್‌ಮನ್ ಅಲ್ಲ, ಎರಡನೆಯವರು. 1977ರಲ್ಲಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಜಿಮ್ಮಿ ಯಂಗ್ ಎದುರು ಅಂಕಗಳ ಮೇಲೆ ಸೋತ ರಾತ್ರಿ, ಉಡುಪಿನ ಕೋಣೆಯಲ್ಲಿ ದೈವಾನುಭವವಾಯಿತೆಂದು ಗ್ಲೌಸ್ ಕಳಚಿಟ್ಟು ಹ್ಯೂಸ್ಟನ್‌ನಲ್ಲಿ ಪ್ರವಚನಕಾರರಾದರು. ಹತ್ತು ವರ್ಷ ಕಳೆದು 1987ರಲ್ಲಿ, ತಾವು ನಡೆಸುತ್ತಿದ್ದ ಯುವಕೇಂದ್ರಕ್ಕೆ ಹಣ ಬೇಕೆಂದು ಮತ್ತೆ ರಿಂಗಿಗೆ ಬಂದಾಗ ಮೈತೂಕ ಸುಮಾರು 121 ಕಿಲೋ; ಅಲಿ ಎದುರಿದ್ದದ್ದು ಸುಮಾರು 100. ತಲೆ ಬೋಳಾಗಿತ್ತು, ಮುಖದಲ್ಲಿ ನಗು ಬಂದಿತ್ತು, ಬರ್ಗರ್ ತಿನ್ನುವುದರ ಬಗ್ಗೆ ತಾವೇ ತಮಾಷೆ ಮಾಡುತ್ತಿದ್ದರು. ಸುತ್ತುಗಳ ನಡುವೆ ಸ್ಟೂಲಿನ ಮೇಲೆ ಕೂರದೆ ಮೂಲೆಯಲ್ಲಿ ನಿಂತೇ ಇರುತ್ತಿದ್ದರು. ಸತತ 24 ಗೆಲುವಿನ ನಂತರ 1991ರಲ್ಲಿ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಸೋತರೂ, 42ನೇ ವಯಸ್ಸಿನಲ್ಲಿ ಪೂರ್ತಿ ಹನ್ನೆರಡು ಸುತ್ತು ಕಾಲ ಮೇಲೆ ನಿಂತರು. ಗೇಲಿ ಮಾಡುತ್ತಿದ್ದವರ ಬಾಯಿ ಆಗಲೇ ಅರ್ಧ ಮುಚ್ಚಿತ್ತು. ಪೂರ್ತಿ ಮುಚ್ಚಿದ್ದು 1994ರ ನವೆಂಬರ್ 5ರಂದು, ಲಾಸ್ ವೇಗಸ್‌ನಲ್ಲಿ. ಎದುರಾಳಿ, ಆಗಿನ ಚಾಂಪಿಯನ್ ಮೈಕೆಲ್ ಮೂರರ್‌ಗೆ 26 ವರ್ಷ, ಫೋರ್‌ಮನ್‌ಗೆ 45. ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಹಿಂದಿದ್ದವರು ಹತ್ತನೇ ಸುತ್ತಿನಲ್ಲಿ ಒಂದು ಮೊಟಕು ಬಲಗೈ ಹೊಡೆತದಿಂದ ಮೂರರ್ ಅವರನ್ನು ಮಲಗಿಸಿದರು. ಹೆವಿವೇಟ್ ಪಟ್ಟ ಗೆದ್ದ ಅತಿ ಹಿರಿಯ ಬಾಕ್ಸರ್ ಎಂಬ ದಾಖಲೆ ಇಂದಿಗೂ ಅವರದೇ.

ಗ್ರಿಲ್ ಬಂದದ್ದೂ ಅದೇ ವರ್ಷ. ದಪ್ಪಗಿದ್ದು, ತಿನ್ನುವುದನ್ನು ಬಿಡದೆ, ಜಿಡ್ಡು ಕಡಿಮೆ ಮಾಡಿದೆ ಎಂದು ಹೇಳಲು ಅಮೆರಿಕದಲ್ಲಿ ಇವರಿಗಿಂತ ತಕ್ಕ ಬಾಯಿ ಇರಲಿಲ್ಲ. ತೆಳ್ಳಗಿನ ಮಾಡೆಲ್ ಒಬ್ಬರು ಹೇಳಿದ್ದರೆ ಯಾರು ನಂಬುತ್ತಿದ್ದರು? 1999ರಲ್ಲಿ ಈ ಹೆಸರನ್ನು ಬಳಸುವ ಹಕ್ಕಿಗಾಗಿ ಸಾಲ್ಟನ್ ಕಂಪನಿ ಫೋರ್‌ಮನ್ ಮತ್ತು ಅವರ ಪಾಲುದಾರರಿಗೆ ನಗದು, ಷೇರು ಸೇರಿ 13.75 ಕೋಟಿ ಡಾಲರ್ ಕೊಡಲು ಒಪ್ಪಿತು. 76 ಗೆಲುವು, ಅದರಲ್ಲಿ 68 ನಾಕೌಟ್ ಸಂಪಾದಿಸಿದ ಮುಷ್ಟಿಗಿಂತ ಗ್ರಿಲ್ಲೇ ಹೆಚ್ಚು ದುಡಿಯಿತು.

ಹೆಸರಿನ ಮಾತು ಸಾಕು, ಬಳಕೆಗೆ ಬರೋಣ. ಮುಚ್ಚಳ ಮುಚ್ಚಿಯೇ ಐದು ನಿಮಿಷ ಕಾಯಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ತಣ್ಣಗಿನ ಪ್ಲೇಟಿನ ಮೇಲೆ ಮಾಂಸ ಇಟ್ಟು ಪ್ಲಗ್ ಹಾಕುತ್ತಾರೆ. ಪ್ಲೇಟು ಕಾಯುವಷ್ಟರಲ್ಲಿ ಮಾಂಸ ನೀರು ಬಿಡುತ್ತದೆ, ಆ ನೀರು ಮುಚ್ಚಳದೊಳಗೆ ಹಬೆಯಾಗುತ್ತದೆ. ಮೇಲ್ಮೈ ಒದ್ದೆ ಇರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ; ಕಂದು ಬಣ್ಣ ಕಟ್ಟಲು 140 ಡಿಗ್ರಿಯಾದರೂ ಬೇಕು. ಪರಿಣಾಮ, ಗ್ರಿಲ್ ಮಾಡಿದ ಕೋಳಿ ಬೇಕೆಂದವರಿಗೆ ಹಬೆಯಲ್ಲಿ ಬೆಂದ ಬಿಳುಚು ಕೋಳಿ. ಆದ್ದರಿಂದ ತುಂಡನ್ನು ಬಟ್ಟೆಯಿಂದ ಒತ್ತಿ ಒರೆಸಿ, ಎಣ್ಣೆಯನ್ನು ಪ್ಲೇಟಿಗಲ್ಲ, ತುಂಡಿಗೇ ತೆಳುವಾಗಿ ಸವರಿ, ಕಾದ ಮೇಲೆ ಇಡಬೇಕು. ತುಂಡುಗಳ ನಡುವೆ ಒಂದು ಬೆರಳಷ್ಟು ಜಾಗ ಬಿಟ್ಟರೆ ಹಬೆ ಹೊರಹೋಗುತ್ತದೆ.

ಕೋಳಿ ಎದೆಮಾಂಸ ಒಂದು ತುದಿ ದಪ್ಪ, ಒಂದು ತುದಿ ತೆಳು. ಹಾಗೇ ಇಟ್ಟರೆ ಪ್ಲೇಟು ದಪ್ಪ ತುದಿಗೆ ಮಾತ್ರ ತಾಗಿ ನಿಲ್ಲುತ್ತದೆ. ಲಟ್ಟಣಿಗೆಯಿಂದ ತಟ್ಟಿ ಎಲ್ಲ ಕಡೆ ಒಂದೇ ದಪ್ಪ ಮಾಡಿಕೊಳ್ಳಿ. ಎರಡೂ ಬದಿಯಿಂದ ಬಿಸಿ ಬರುವುದರಿಂದ ಬಾಣಲೆಯ ಅರ್ಧ ಸಮಯ ಸಾಕು, ಒಂದು ನಿಮಿಷ ಹೆಚ್ಚಾದರೂ ಮಾಂಸ ಚರ್ಮದಂತಾಗುತ್ತದೆ. ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ: ಒಳಗೆ ಕೋಳಿಗೆ 74 ಡಿಗ್ರಿ, ದನದ ಕೈಮಾ ಪ್ಯಾಟಿಗೆ 71, ಮೀನಿಗೆ 63. ಎಲುಬಿರುವ ತುಂಡು ಬೇಡವೇ ಬೇಡ. ಎಲುಬು ಮುಚ್ಚಳವನ್ನು ಎತ್ತಿಹಿಡಿದು ಮಾಂಸದ ಮೇಲ್ಭಾಗಕ್ಕೆ ಪ್ಲೇಟು ಮುಟ್ಟದಂತೆ ಮಾಡುತ್ತದೆ. ಜೇನು, ಸಕ್ಕರೆ ಬೆರೆಸಿದ ಮಸಾಲೆಯನ್ನು ಕೊನೆಯ ಒಂದು ನಿಮಿಷಕ್ಕೆ ಹಚ್ಚಿ. ಮೊದಲೇ ಹಚ್ಚಿದರೆ ಏಣುಗಳ ಮೇಲೆ ಕರಟಿ ಕಲ್ಲಾಗುತ್ತದೆ. ಚೀಸ್ ಸ್ಯಾಂಡ್‌ವಿಚ್ಚಿನ ಪಾಡು ಬೇರೆ: ಇಳಿಜಾರಿನಲ್ಲಿ ಮೇಲಿನ ಬ್ರೆಡ್ ನಿಧಾನಕ್ಕೆ ಮುಂದೆ ಜಾರಿ ಚೀಸ್ ಜಿಡ್ಡಿನ ತಟ್ಟೆ ಸೇರುತ್ತದೆ. ಗ್ರಿಲ್ಲಿನ ಮುಂದಿನ ಕಾಲುಗಳ ಕೆಳಗೆ ಏನಾದರೂ ಕೊಟ್ಟು ಮಟ್ಟ ಮಾಡುವವರಿದ್ದಾರೆ. ಅಲುಗಾಡುವ ಬಿಸಿ ಯಂತ್ರ ಅಪಾಯ, ಆ ಉಪಾಯ ಬೇಡ.

ಜಿಡ್ಡು ಇಳಿಯುತ್ತದೆ ಎಂಬ ಪ್ರಚಾರ ಸುಳ್ಳಲ್ಲ, ಆದರೆ ಎಲ್ಲ ಪದಾರ್ಥಕ್ಕೂ ನಿಜವಲ್ಲ. ಕೊಬ್ಬು ಹೆಚ್ಚಿರುವ ಕೈಮಾ ಪ್ಯಾಟಿ ಇಟ್ಟರೆ ತಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಜಿಡ್ಡು ಸೇರುತ್ತದೆ. ಬಾಣಲೆಯಲ್ಲಾದರೆ ಪ್ಯಾಟಿ ಅದೇ ಜಿಡ್ಡಿನಲ್ಲಿ ಕುದಿಯುತ್ತಿತ್ತು. ಚರ್ಮ ತೆಗೆದ ಕೋಳಿ ಎದೆಯಲ್ಲಿ ಇಳಿಯುವುದಕ್ಕೆ ಕೊಬ್ಬೇ ಇಲ್ಲ. ಅದರಿಂದ ತಟ್ಟೆಗೆ ಬೀಳುವುದು ಹೆಚ್ಚಿನಂಶ ನೀರು, ಅಂದರೆ ರುಚಿ. ಎರಡು ಬಾರಿ ಪ್ಯಾಟಿ ಬೇಯಿಸಿದ ಮೇಲೆ ತಟ್ಟೆ ಖಾಲಿ ಮಾಡದಿದ್ದರೆ ಮೂರನೆಯದು ಮೇಜಿನ ಮೇಲೆ ಹರಿಯುವ ಸಂಭವ ಹೆಚ್ಚು. ತಟ್ಟೆ ಗ್ರಿಲ್ಲಿಗೆ ಅಂಟಿಕೊಂಡಿರುವುದಿಲ್ಲ, ಗ್ರಿಲ್ ಸರಿಸಿದಾಗ ಅದನ್ನೂ ಸರಿಸಬೇಕು.

ತೊಳೆಯುವುದು ಹಳೆಯ ಮಾದರಿಯ ದೊಡ್ಡ ತಲೆನೋವು, ಏಕೆಂದರೆ ಪ್ಲೇಟುಗಳು ಕಳಚುವುದಿಲ್ಲ, ಯಂತ್ರವನ್ನು ನೀರಿನಲ್ಲಿ ಅದ್ದುವಂತಿಲ್ಲ. ಪ್ಲಗ್ ಕಿತ್ತು, ಪ್ಲೇಟು ಬೆಚ್ಚಗಿರುವಾಗಲೇ ಎರಡು ಮೂರು ಒದ್ದೆ ಕಾಗದದ ಟವೆಲ್ ಇಟ್ಟು ಮುಚ್ಚಳ ಮುಚ್ಚಿ. ಹತ್ತು ನಿಮಿಷದಲ್ಲಿ ಹಬೆ ಅಂಟನ್ನು ಸಡಿಲಿಸುತ್ತದೆ, ಒರೆಸಿದರೆ ಬರುತ್ತದೆ. ಮಾರನೆ ದಿನಕ್ಕೆ ಬಿಟ್ಟವರು ಉಜ್ಜಲೇಬೇಕು, ಉಜ್ಜಿದರೆ ನಾನ್‌ಸ್ಟಿಕ್ ಲೇಪ ಹೋಗುತ್ತದೆ. ಲೇಪವನ್ನು ಹಾಳುಮಾಡುವ ಇನ್ನೆರಡು ಶತ್ರುಗಳು ಲೋಹದ ಸೌಟು ಮತ್ತು ಡಬ್ಬಿಯಿಂದ ಸಿಂಪಡಿಸುವ ಅಡುಗೆ ಎಣ್ಣೆ. ಆ ಎಣ್ಣೆಯಲ್ಲಿರುವ ಲೆಸಿಥಿನ್ ಬಿಸಿಗೆ ಗೋಂದಿನಂತೆ ಗಟ್ಟಿಯಾಗಿ ಕಂದು ಪದರ ಕಟ್ಟುತ್ತದೆ, ಆಮೇಲೆ ಲೇಪವಿದ್ದೂ ಎಲ್ಲ ಅಂಟುತ್ತದೆ.

ಈಗ ಕೊಳ್ಳುವುದಾದರೆ ಪ್ಲೇಟು ಕಳಚುವ, ಉಷ್ಣತೆಯ ಗುಂಡಿ ಇರುವ ಮಾದರಿಗೆ ಹೆಚ್ಚು ಹಣ ಕೊಡುವುದು ಸಾರ್ಥಕ. ಪ್ಲೇಟನ್ನು ಮತ್ತೆ ಕೂರಿಸುವಾಗ ಎರಡೂ ಬದಿಯ ಹಿಡಿಕೆ ಕಚ್ಚಿಕೊಂಡಿವೆಯೇ ನೋಡಿ. ಸಡಿಲ ಕೂತರೆ ಜಿಡ್ಡು ಪ್ಲೇಟಿನ ಅಡಿಗೆ ಇಳಿದು ಹೊಗೆ ಬರುತ್ತದೆ. ಒಬ್ಬಿಬ್ಬರಿಗಷ್ಟೇ ಆದರೆ ಸಣ್ಣದು ಸಾಕು, ದೊಡ್ಡದು ಕಾಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬಳಸಿದ್ದನ್ನು ಕೊಳ್ಳುವವರು ಕೆಳಗಿನ ಪ್ಲೇಟಿನ ನಡುವಿನ ಏಣುಗಳನ್ನು ಬೆಳಕಿಗೆ ಹಿಡಿದು ನೋಡಬೇಕು, ಲೇಪ ಮೊದಲು ಸವೆಯುವುದು ಅಲ್ಲೇ. ಅಮೆರಿಕದಿಂದ ಯಾರಾದರೂ ತಂದುಕೊಟ್ಟರೆ ತಳದ ಚೀಟಿ ಓದದೆ ಪ್ಲಗ್ ಹಾಕಬೇಡಿ. ಅದು 120 ವೋಲ್ಟಿನದಾಗಿದ್ದು ನೀವು 230 ವೋಲ್ಟಿಗೆ ಹಾಕಿದರೆ ಕಾಯಿಲ್ ಸುಮಾರು ಮೂರೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಎಳೆದು ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದಕ್ಕೆ ಗ್ರಿಲ್ಲಿನ ವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆಗೆ ಸ್ಥಳೀಯ ವೋಲ್ಟಿನ ಹೊಸ ಗ್ರಿಲ್ಲೇ ಬರಬಹುದು.